ಮನೆಗೊಂದು ಮಡಿಸುವ ಲ್ಯಾಪ್‌ಟಾಪ್

ಮಣ್ಣಿನ ಗಡಿಗೆಯನ್ನು ಕೊಳ್ಳುವ ಗೃಹಿಣಿಯು ಅದನ್ನು ಬೆರಳಿನಿಂದ ಬಡಿದು, ನಾದವನ್ನು ಕೇಳಿ, ಆ ಬಳಿಕವೇ ಬೆಲೆಯ ಮಾತನ್ನೆತ್ತುವಳು. ಇಷ್ಟು ಸಣ್ಣ ವಸ್ತುವಿನಲ್ಲಿಯೂ ಪರೀಕ್ಷೆಯನ್ನು ಬಿಡದ ನಾವು, ಮೂವತ್ತು ಸಾವಿರ ರೂಪಾಯಿಗಳ ಲ್ಯಾಪ್‌ಟಾಪನ್ನು ಕೊಳ್ಳುವಾಗ ಮಾತ್ರ ಅಂಗಡಿಯವನ ಮಾತನ್ನೇ ಪ್ರಮಾಣವೆಂದು ನಂಬಿ ಮನೆಗೆ ಬರುವೆವು. ಈ ತಪ್ಪನ್ನು ಒಮ್ಮೆ ಮಾಡಿ ಪಶ್ಚಾತ್ತಾಪಪಟ್ಟವರಾದ ಕಾರಣ, ಈ ವಿಷಯದಲ್ಲಿ ನಾಲ್ಕು ಮಾತುಗಳನ್ನು ವಾಚಕರ ಮುಂದಿಡಲು ಧೈರ್ಯಮಾಡಿರುವೆವು.

ಯಲಹಂಕದಲ್ಲಿ ನಮ್ಮ ಬೀದಿಯಲ್ಲಿಯೇ ವಾಸವಾಗಿರುವ ಗೃಹಸ್ಥರೊಬ್ಬರು ಬಟ್ಟೆಯ ಅಂಗಡಿಯಲ್ಲಿ ಲೆಕ್ಕ ಬರೆಯುವವರು. ೨೦೨೦ನೆಯ ಇಸವಿಯಲ್ಲಿ ಶಾಲೆಗಳು ಮುಚ್ಚಿ ಪಾಠಗಳೆಲ್ಲ ಫೋನಿನೊಳಗೆ ಬಂದಾಗ, ಅವರ ಮನೆಯಲ್ಲಿ ಫೋನು ಒಂದು, ಓದುವ ಮಕ್ಕಳು ಇಬ್ಬರು. ಅವರು ನಮ್ಮ ಸಲಹೆಯನ್ನು ಕೇಳಲು, ನಾವು ಬೆಲೆಯೊಂದನ್ನೇ ನೋಡಿ, ಅತ್ಯಂತ ಅಗ್ಗವಾದ ಲ್ಯಾಪ್‌ಟಾಪೊಂದನ್ನು ತೋರಿಸಿದೆವು. ಅದರ ಸಂಗ್ರಹಸ್ಥಳವು ೩೨ ಜಿಬಿ ಮಾತ್ರ. ಎಂಟು ತಿಂಗಳು ಕಳೆಯುವುದರೊಳಗೆ ವಿಂಡೋಸಿನ ಪರಿಷ್ಕರಣಗಳೇ ಆ ಸ್ಥಳವನ್ನೆಲ್ಲ ತುಂಬಿ, ಹುಡುಗಿಯು ಬರೆದ ಪ್ರಬಂಧವನ್ನು ಉಳಿಸಿಡುವುದಕ್ಕೂ ಎಡೆಯಿಲ್ಲದಂತಾಯಿತು. ಆ ಗೃಹಸ್ಥರು ನಮ್ಮನ್ನು ಒಂದು ಕಠಿನವಾದ ಮಾತನ್ನೂ ಆಡಲಿಲ್ಲ. ಅದೇ ನಮ್ಮನ್ನು ಹೆಚ್ಚು ನೋಯಿಸಿತು.

ಈಗ ಹುಡುಗಿಯು ದ್ವಿತೀಯ ಪಿ.ಯು.ಸಿ.ಯಲ್ಲಿಯೂ ಹುಡುಗನು ಒಂಬತ್ತನೆಯ ತರಗತಿಯಲ್ಲಿಯೂ ಓದುತ್ತಿರುವರು. ಕಳೆದ ತಿಂಗಳು ಚೀಟಿಯ ಹಣ ಮೂವತ್ತು ಸಾವಿರ ಕೈಸೇರಿದೊಡನೆ ಅವರು ಮತ್ತೆ ನಮ್ಮ ಬಾಗಿಲಿಗೇ ಬಂದರು. “ಮೇಷ್ಟ್ರೇ, ಮಡಿಸಿ ಸ್ಲೇಟಿನ ಹಾಗೆ ಹಿಡಿಯುವ ಲ್ಯಾಪ್‌ಟಾಪೇ ಬೇಕೆಂದು ಮಕ್ಕಳು ಹಟ ಹಿಡಿದಿದ್ದಾರೆ. ನೀವು ಆಗಬಹುದು ಎಂದರೆ ತರುತ್ತೇನೆ,” ಎಂದರು. ಈ ಸಲ ಕೂಡಲೇ ಉತ್ತರ ಕೊಡಲು ನಮಗೆ ನಾಲಗೆ ಏಳಲಿಲ್ಲ. ಹೆಬ್ಬಾಳದಲ್ಲಿರುವ ನಮ್ಮ ಸೋದರಳಿಯನ ಬಳಿ ಅಂತಹ ಯಂತ್ರವೊಂದಿದ್ದಿತು. ಅದನ್ನು ಹತ್ತು ದಿನಗಳ ಮಟ್ಟಿಗೆ ಬೇಡಿ ತಂದು, ಆ ಮನೆಯವರನ್ನೂ ಕೂಡಿಸಿಕೊಂಡು ಪರೀಕ್ಷಿಸಿದೆವು.

ಈ ಬಗೆಯ ಲ್ಯಾಪ್‌ಟಾಪಿನ ವಿಶೇಷವೆಲ್ಲ ಅದರ ಕೀಲಿನಲ್ಲಿರುವುದು. ಪರದೆಯನ್ನು ಪೂರ್ತಿಯಾಗಿ ಹಿಂದಕ್ಕೆ ತಿರುಗಿಸಿದರೆ ಯಂತ್ರವು ಸ್ಲೇಟಾಗುವುದು. ಅರ್ಧಕ್ಕೆ ನಿಲ್ಲಿಸಿದರೆ ಗುಡಾರದಂತೆ ಮೇಜಿನ ಮೇಲೆ ನಿಲ್ಲುವುದು. ಪರದೆಯನ್ನು ಬೆರಳಿನಿಂದಾಗಲಿ ಅದಕ್ಕೆಂದೇ ಇರುವ ಲೇಖನಿಯಿಂದಾಗಲಿ ಮುಟ್ಟಿ ಕೆಲಸಮಾಡಬಹುದು. ಇದು ಬರಿಯ ಆಡಂಬರವೆಂದು ನಾವು ಮೊದಲು ತಿಳಿದಿದ್ದೆವು. ಆದರೆ ಮೂರನೆಯ ದಿನ ಅಕ್ಕನು ಸ್ಲೇಟನ್ನು ತೊಡೆಯ ಮೇಲಿರಿಸಿಕೊಂಡು ತಮ್ಮನಿಗೆ ಪೈಥಾಗೊರಸನ ಪ್ರಮೇಯವನ್ನು ಲೇಖನಿಯಿಂದ ಎಳೆದು ತೋರಿಸುತ್ತಿದ್ದಳು. ಕೀಲಿಮಣೆಯಿಂದ ತ್ರಿಕೋನವನ್ನು ಎಳೆಯುವುದು ಎಷ್ಟು ತೊಡಕೆಂಬುದನ್ನು ಬಲ್ಲ ನಮಗೆ ಸಂತೋಷವಾಯಿತು. ಅವರ ಅಜ್ಜಿಯು ಗುಡಾರದಂತೆ ನಿಲ್ಲಿಸಿದ ಪರದೆಯಲ್ಲಿ ಅಕ್ಷರಗಳನ್ನು ಬೆರಳಿನಿಂದ ಹಿಗ್ಗಿಸಿ, ಕನ್ನಡಕವಿಲ್ಲದೆ ಪತ್ರಿಕೆಯನ್ನೋದಿದರು. ಗಣಿತ, ವಿಜ್ಞಾನಗಳ ಚಿತ್ರವುಳ್ಳ ಅಭ್ಯಾಸಕ್ಕೂ ವೃದ್ಧರ ಓದಿಗೂ ಈ ಕೀಲು ನಿಜವಾಗಿ ಉಪಕಾರಿ. ಬರಿಯ ಪ್ರಬಂಧ, ಪತ್ರ, ಲೆಕ್ಕಗಳನ್ನು ಬರೆಯುವವರಿಗೆ ಅದರಿಂದ ವಿಶೇಷ ಪ್ರಯೋಜನವಿಲ್ಲ.

ಆದರೆ ಕೀಲಿಗೆ ಕೊಟ್ಟ ಹಣವನ್ನು ಬೇರೆಲ್ಲಿಯೋ ಕಳೆದಿರುವರೆಂಬುದು ಶೀಘ್ರದಲ್ಲಿಯೇ ಗೊತ್ತಾಯಿತು. ಸೋದರಳಿಯನ ಯಂತ್ರದ ಕಾರ್ಯಸ್ಮೃತಿ, ಎಂದರೆ ರ‍್ಯಾಮ್, ೪ ಜಿಬಿ. ವಿಂಡೋಸ್ ೧೧ಕ್ಕೆ ಕನಿಷ್ಠವೆಂದು ವಿಧಿಸಿರುವುದೂ ಅಷ್ಟೆ. ಬಾಗಿಲಿನಷ್ಟೇ ಅಗಲವಾದ ಮಂಚವನ್ನು ಕೋಣೆಗೆ ಸಾಗಿಸಿದಂತಾಯಿತು ಅದರ ಗತಿ. ದೀಕ್ಷಾ ಜಾಲದ ಪಾಠವೊಂದು, ಪಠ್ಯಪುಸ್ತಕದ ಪಿ.ಡಿ.ಎಫ್. ಒಂದು, ಬರೆಯುವ ಕಡತವೊಂದು, ಈ ಮೂರನ್ನೂ ಒಟ್ಟಿಗೆ ತೆರೆದರೆ ಯಂತ್ರವು ತೂಕಡಿಸುತ್ತಿತ್ತು. ಈ ವರ್ಗದ ಅನೇಕ ಯಂತ್ರಗಳಲ್ಲಿ ಸ್ಮೃತಿಯನ್ನು ಹಲಗೆಗೇ ಬೆಸೆದಿರುವುದರಿಂದ ಮುಂದೆ ಹೆಚ್ಚಿಸುವಂತೆಯೂ ಇಲ್ಲ. ಆದಕಾರಣ ೮ ಜಿಬಿ ಸ್ಮೃತಿಗೂ ೧೨೮ ಜಿಬಿ ಸಂಗ್ರಹಕ್ಕೂ ಕಡಮೆಯಾದುದನ್ನು, ಎಷ್ಟು ಅಂದವಾಗಿ ಮಡಿಸಿದರೂ, ಕೊಳ್ಳಬಾರದೆಂದು ನಮ್ಮ ಅಭಿಪ್ರಾಯ.

ಭಾರದ ವಿಚಾರವೂ ಒಂದುಂಟು. ೨೦೧೯ರಲ್ಲಿ ನಮ್ಮ ಸರ್ಕಾರವು ಒಂಬತ್ತು, ಹತ್ತನೆಯ ತರಗತಿಗಳ ಮಕ್ಕಳ ಚೀಲವು ನಾಲ್ಕರಿಂದ ಐದು ಕಿಲೋ ಮೀರಕೂಡದೆಂದು ಆಜ್ಞೆಮಾಡಿತು. ಈ ಯಂತ್ರವು ೧.೪ ಕಿಲೋ, ಚಾರ್ಜರನ್ನು ಸೇರಿಸಿದರೆ ಚೀಲದ ಮೂರನೆಯ ಒಂದು ಪಾಲನ್ನು ಇದೇ ನುಂಗಿತು. ಶಾಲೆಯು ಕೇಳದ ಹೊರತು ಇದು ಮನೆಯಲ್ಲಿರುವುದೇ ಲೇಸು.

ಕನ್ನಡ ಮೇಷ್ಟರಾಗಿದ್ದವರಿಗೆ ಸಹಜವಾದ ಪರೀಕ್ಷೆಯೊಂದನ್ನು ನಾವು ಬಿಡಲಿಲ್ಲ. “ಕಾರ್ಯ”, “ರ‍್ಯಾಂಕ್”, “ಸ್ತ್ರೀ”, “ಉಜ್ಜ್ವಲ” ಎಂಬ ನಾಲ್ಕು ಪದಗಳನ್ನು ಬರೆದು ನೋಡಿದೆವು. ಮೊದಲನೆಯದರಲ್ಲಿ ರೇಫವು ಅರ್ಕಾವೊತ್ತಾಗಿ ಹಿಂದೆ ಬರುವುದು. ಎರಡನೆಯದರಲ್ಲಿ ರಕಾರವು ನಿಂತು ಯಕಾರವೇ ಒತ್ತಾಗುವುದು. ಈ ಭೇದಕ್ಕಾಗಿ ಕಣ್ಣಿಗೆ ಕಾಣದ ಜೋಡಣೆಯ ಗುರುತೊಂದನ್ನು ನಡುವೆ ಸೇರಿಸಬೇಕು. ವಿಂಡೋಸಿನಲ್ಲಿ ಇನ್‌ಸ್ಕ್ರಿಪ್ಟ್ ವಿನ್ಯಾಸವು ಬಹುಕಾಲದಿಂದ ಇದೆ; ೨೦೧೯ರಿಂದ ಉಚ್ಚಾರಣೆಯನ್ನನುಸರಿಸುವ ಕೀಲಿಮಣೆಯೂ ಸೇರಿದೆ. ಕೆ. ಪಿ. ರಾವ್ ಅವರ ವಿನ್ಯಾಸಕ್ಕೆ ಕೈಪಳಗಿದವರು ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶವನ್ನು ಹಾಕಿಕೊಳ್ಳಬಹುದು. ಅಂಗಡಿಯಲ್ಲಿ ಈ ನಾಲ್ಕು ಪದಗಳನ್ನು ಬರೆಯಿಸಿ ನೋಡದೆ ಹಣವನ್ನು ಎಣಿಸಬೇಡಿರಿ.

ಕನ್ನಡವನ್ನು ಬಲ್ಲ ಅಗ್ಗದ ಯಂತ್ರವೆಂಬ ಆಸೆಯು ನಮ್ಮೂರಿಗೆ ಹೊಸದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಎಂಬವರು ಎನ್‌ಕೋರ್ ಸಂಸ್ಥೆಯವರೊಡನೆ ಕೂಡಿ ‘ಸಿಂಪ್ಯೂಟರ್’ ಎಂಬ ಅಂಗೈಯಗಲದ ಗಣಕವನ್ನು ಯೋಜಿಸಿ, ೨೦೦೧ರಲ್ಲಿ ಅದರ ಮಾದರಿಯನ್ನು ಲೋಕಕ್ಕೆ ತೋರಿಸಿದರು. ೨೦೦೪ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಕಂಪೆನಿಯು, ಎಂದರೆ ಯಶವಂತಪುರದ ಆಚೆ ಜಾಲಹಳ್ಳಿಯಲ್ಲಿ ಕಾರ್ಖಾನೆಯುಳ್ಳ ಬಿ.ಇ.ಎಲ್., ಅದನ್ನು ‘ಅಮಿಡಾ’ ಎಂಬ ಹೆಸರಿನಿಂದ ಮಾರಾಟಕ್ಕೆ ತಂದಿತು. ಬೆಲೆಯು ಹತ್ತು ಸಾವಿರದ ಆಸುಪಾಸಿನಿಂದ ಮೊದಲಾಗುತ್ತಿತ್ತು. ದೇಶಭಾಷೆಗಳಲ್ಲಿ ಓದಿ ಹೇಳುವುದೂ, ಕಾರ್ಡೊಂದನ್ನು ತೂರಿಸಿ ಒಬ್ಬೊಬ್ಬರೂ ತಮ್ಮ ತಮ್ಮ ಲೆಕ್ಕವನ್ನು ತೆರೆದು ಒಂದೇ ಯಂತ್ರವನ್ನು ಹತ್ತು ಮಂದಿ ಹಂಚಿಕೊಳ್ಳುವುದೂ ಅದರ ಉದ್ದೇಶವಾಗಿದ್ದಿತು. ಅಗ್ಗದ ಮೊಬೈಲ್ ಫೋನುಗಳ ಪ್ರವಾಹದಲ್ಲಿ ಅದು ಕೆಲವೇ ಸಾವಿರ ಮಾರಾಟವಾಗಿ ನಿಂತುಹೋಯಿತು. ಯಂತ್ರವು ಹೋದರೂ ಅದು ಕೇಳಿದ ಪ್ರಶ್ನೆಗಳು ಹೋಗಿಲ್ಲ: ಇದು ಮನೆಯವರ ಭಾಷೆಯನ್ನು ಬಲ್ಲುದೆ? ಇದನ್ನು ಎಲ್ಲರೂ ಹಂಚಿಕೊಳ್ಳಬಹುದೆ?

ಎರಡನೆಯ ಪ್ರಶ್ನೆಗೆ ಇಂದು ಸುಲಭವಾದ ಉತ್ತರವಿದೆ. ಮನೆಯ ಒಬ್ಬೊಬ್ಬರಿಗೂ ಯಂತ್ರದಲ್ಲಿ ಪ್ರತ್ಯೇಕವಾದ ಖಾತೆಯನ್ನು ತೆರೆಯಬಹುದು; ಅಕ್ಕನ ಟಿಪ್ಪಣಿಗಳನ್ನು ತಮ್ಮನು ಕೆಡಿಸಲಾರನು, ತಂದೆಯ ಲೆಕ್ಕವು ಮಕ್ಕಳ ಆಟದಲ್ಲಿ ಬೆರೆಯದು. ಇದಕ್ಕೆ ಬೇರೆ ಖರ್ಚೇನೂ ಇಲ್ಲ.

ಇನ್ನು ಆಯುಸ್ಸಿನ ವಿಚಾರ. ವಿಂಡೋಸ್ ೧೦ಕ್ಕೆ ಕಂಪೆನಿಯ ಸಾಮಾನ್ಯ ರಕ್ಷಣೆಯು ೨೦೨೫ರ ಅಕ್ಟೋಬರ್ ೧೪ಕ್ಕೆ ಮುಗಿಯಿತು. ಆದ್ದರಿಂದ ಹಳೆಯ ಯಂತ್ರವನ್ನು ಕೊಳ್ಳುವವರು, ಅದು ಇಂಟೆಲ್ಲಿನದಾದರೆ, ಎಂಟನೆಯ ಅಥವಾ ಅನಂತರದ ತಲೆಮಾರಿನ ಪ್ರೊಸೆಸರ್ ಉಳ್ಳುದನ್ನೇ ಆರಿಸಬೇಕು. ಅದಕ್ಕಿಂತ ಹಿಂದಿನವುಗಳಿಗೆ, ತೀರ ಕೆಲವನ್ನು ಬಿಟ್ಟರೆ, ವಿಂಡೋಸ್ ೧೧ರ ಅರ್ಹತೆಯಿಲ್ಲ. ಕ್ರೋಮ್‌ಬುಕ್ಕಾದರೆ, ೨೦೨೧ರಿಂದೀಚೆಗೆ ಬಂದ ಮಾದರಿಗಳಿಗೆ ಹತ್ತು ವರ್ಷಗಳ ಪರಿಷ್ಕರಣವುಂಟು. ಆದರೆ ಆ ವರ್ಷಗಳನ್ನು ಎಣಿಸುವುದು ಮಾದರಿಯು ಹುಟ್ಟಿದಂದಿನಿಂದಲೇ ಹೊರತು ನಾವು ಕೊಂಡಂದಿನಿಂದಲ್ಲ.

ಹತ್ತನೆಯ ದಿನ ನಮ್ಮ ತೀರ್ಪನ್ನು ಹೇಳಿದೆವು: “ಕೀಲು ಒಳ್ಳೆಯದೆ, ಆದರೆ ಅದು ನಾಲ್ಕನೆಯ ಮಾತು. ಸ್ಮೃತಿ, ಸಂಗ್ರಹ, ಕನ್ನಡ, ಈ ಮೂರೂ ಸರಿಯಾಗಿ, ಹಣ ಮಿಕ್ಕರೆ ಕೀಲು.” ಮೂವತ್ತು ಸಾವಿರದೊಳಗೆ ಹೊಸದರಲ್ಲಿ ಈ ನಾಲ್ಕೂ ಕೂಡಿದುದು ನಮಗೆ ಸಿಕ್ಕಲಿಲ್ಲ. ಕೊನೆಗೆ ಆರ್.ಟಿ. ನಗರದ ಅಂಗಡಿಯೊಂದರಲ್ಲಿ, ಕಚೇರಿಯಲ್ಲಿ ದುಡಿದು ದುರಸ್ತಿಯಾಗಿ ಬಂದ ಮಡಿಸುವ ಯಂತ್ರವೊಂದು, ೮ ಜಿಬಿ ಸ್ಮೃತಿಯುಳ್ಳದ್ದು, ಹೊಸ ಬ್ಯಾಟರಿಯೊಡನೆ, ಆರು ತಿಂಗಳ ಬರವಣಿಗೆಯ ಭರವಸೆಯ ಮೇಲೆ ಇಪ್ಪತ್ತೇಳು ಸಾವಿರಕ್ಕೆ ದೊರೆಯಿತು. ಕೀಲನ್ನು ನೂರು ಸಲ ತಿರುಗಿಸಿ ನೋಡಿದೆವು. ಅಂಗಡಿಯವರು ನಕ್ಕರು, ನಾವು ನಿಲ್ಲಿಸಲಿಲ್ಲ.

ಆ ಸಂಜೆ ಹುಡುಗಿಯು ತನ್ನ ಖಾತೆಯಲ್ಲಿ ಮೊದಲು ಬರೆದುದು ನಮ್ಮ ನಾಲ್ಕು ಪದಗಳನ್ನೇ. “ಸರಿಯಾಗಿದೆಯೇ ಮೇಷ್ಟ್ರೇ?” ಎಂದು ಪರದೆಯನ್ನು ನಮ್ಮ ಕಡೆಗೆ ತಿರುಗಿಸಿದಳು. ಸರಿಯಾಗಿದ್ದಿತು. ಆಕೆಯ ತಂದೆಯು ಉಳಿದ ಮೂರು ಸಾವಿರವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡರು. ಅದು ಹುಡುಗಿಯ ಪರೀಕ್ಷಾ ಶುಲ್ಕಕ್ಕೆಂದು ಹೇಳಿದರು. ಐದು ವರ್ಷಗಳ ಹಿಂದಿನ ನಮ್ಮ ಋಣವು ಪೂರ್ತಿಯಾಗಿ ತೀರಿತೆಂದು ಹೇಳಲಾರೆವು. ಬಡ್ಡಿಯಾದರೂ ಸಂದಿತೆಂದು ಸಮಾಧಾನಪಟ್ಟುಕೊಂಡು ಮನೆಗೆ ಬಂದೆವು.