ದೇಶಕ್ಕಾಗಿ ಮಡಿದವರಿಗೂ ನಮ್ಮ ಪ್ರಾರ್ಥನೆ ಬೇಕು

ನವೆಂಬರ್ 2: ಸಕಲ ಮೃತರ ಸ್ಮರಣೆ
ಧ್ಯಾನಕ್ಕೆ: 2 ಮಕ್ಕಬಿಯ 12:38-46



ನವೆಂಬರ್ ತಿಂಗಳು ಹತ್ತಿರವಾಗುತ್ತಿದ್ದಂತೆ ನಮ್ಮ ಧರ್ಮಕೇಂದ್ರಗಳ ಸಮಾಧಿ ತೋಟಗಳಿಗೆ ಜೀವ ಬರುತ್ತದೆ. ವರ್ಷವಿಡೀ ಬೆಳೆದ ಕಳೆಯನ್ನು ಕೀಳುತ್ತೇವೆ, ಶಿಲುಬೆಗಳಿಗೆ ಸುಣ್ಣ ಬಳಿಯುತ್ತೇವೆ, ಹೂವು ಮೇಣದಬತ್ತಿಗಳನ್ನು ತಂದಿಡುತ್ತೇವೆ. ಅದೇ ದಿನಗಳಲ್ಲಿ ಗುರುಮನೆಯ ಬಾಗಿಲಿಗೆ ಹೆಸರುಗಳ ಪಟ್ಟಿ ಬರತೊಡಗುತ್ತದೆ. ಅಜ್ಜ, ಅಜ್ಜಿ, ಅಪ್ಪ, ಚಿಕ್ಕಮ್ಮ, ಹುಟ್ಟಿದ ದಿನವೇ ತೀರಿಕೊಂಡ ಮಗು, ಹೀಗೆ ಒಂದು ಮನೆತನದ ಚರಿತ್ರೆಯೇ ಒಂದು ಹಾಳೆಯಲ್ಲಿರುತ್ತದೆ. ಆ ಹೆಸರುಗಳನ್ನು ಬಲಿಪೀಠದ ಬಳಿ ಓದಿ ಪ್ರಾರ್ಥಿಸುತ್ತೇವೆ.

ಕೆಲವು ವರ್ಷಗಳ ಹಿಂದೆ ನಾವು ಸೇವೆಯಲ್ಲಿದ್ದ ಒಂದು ಧರ್ಮಕೇಂದ್ರದಲ್ಲಿ ಹಬ್ಬದ ಹಿಂದಿನ ಸಂಜೆ ಒಬ್ಬ ತಾಯಿ ತಮ್ಮ ಪಟ್ಟಿ ತಂದರು. ಅವರ ಕಿರಿಯ ಮಗ ಸೇನೆಯಲ್ಲಿದ್ದ. ಉತ್ತರದ ಗಡಿಯಲ್ಲಿ ವಾಹನ ಕಮರಿಗೆ ಉರುಳಿ ತೀರಿಕೊಂಡಿದ್ದ. ರಾಷ್ಟ್ರಧ್ವಜ ಹೊದಿಸಿದ ಪೆಟ್ಟಿಗೆಯಲ್ಲಿ ಬಂದವನನ್ನು ಊರಿಗೆ ಊರೇ ಸೇರಿ ಮಣ್ಣು ಮಾಡಿತ್ತು. ಆದರೆ ಪಟ್ಟಿಯಲ್ಲಿದ್ದ ಎಂಟು ಹೆಸರುಗಳಲ್ಲಿ ಅವನ ಹೆಸರಿರಲಿಲ್ಲ.

"ಮಗನ ಹೆಸರು ಬಿಟ್ಟುಹೋಗಿದೆಯಲ್ಲಮ್ಮ?" ಎಂದೆವು.

"ದೊಡ್ಡವನು ಬೇಡ ಅಂದ ಸ್ವಾಮಿ. ದೇಶಕ್ಕೆ ಪ್ರಾಣ ಕೊಟ್ಟವನಿಗೆ ಪೂಜೆ ಯಾಕೆ, ಅವನು ನೇರ ಸ್ವರ್ಗಕ್ಕೆ ಹೋಗಿರ್ತಾನೆ ಅಂತಾನೆ. ನನಗೆ ಮಾತ್ರ ರಾತ್ರಿ ನಿದ್ದೆ ಹತ್ತಲ್ಲ. ಕೊನೇಲಿ ಅವನ ಹತ್ರ ಗುರುಗಳು ಯಾರೂ ಇರಲಿಲ್ಲ. ಪಾಪನಿವೇದನೆ ಇಲ್ಲ, ಪ್ರಸಾದ ಇಲ್ಲ."

ನಾವು ಅವಸರದಲ್ಲಿದ್ದೆವು. "ನಿಮ್ಮ ಮಗ ವೀರ, ಚಿಂತೆ ಮಾಡಬೇಡಿ" ಎಂದುಬಿಟ್ಟೆವು. ತಾಯಿ ತಲೆಯಾಡಿಸಿ ಹೋದರು. ರಾತ್ರಿ ಮರುದಿನದ ಪ್ರಬೋಧನೆಗಾಗಿ ಪವಿತ್ರ ಗ್ರಂಥ ತೆರೆದಾಗಲೇ ನಮ್ಮ ತಪ್ಪು ತಿಳಿದದ್ದು. ಅವರಿಗೆ ಬೇಕಿದ್ದದ್ದು ಹೊಗಳಿಕೆಯಲ್ಲ, ಮಗನಿಗಾಗಿ ಪ್ರಾರ್ಥಿಸಲು ಅನುಮತಿ.

ರಣರಂಗದಲ್ಲಿ ಹುಟ್ಟಿದ ಪ್ರಾರ್ಥನೆ

ಮೃತರಿಗಾಗಿ ಪ್ರಾರ್ಥಿಸಲು ಬೈಬಲಿನಲ್ಲಿ ಆಧಾರವೆಲ್ಲಿದೆ ಎಂದು ಯಾರಾದರೂ ಕೇಳಿದರೆ ನಾವು ಮೊದಲು ತೆರೆಯುವುದು ಮಕ್ಕಬಿಯರ ಎರಡನೆಯ ಗ್ರಂಥದ 12ನೆಯ ಅಧ್ಯಾಯವನ್ನು. ಆದರೆ ಅಲ್ಲಿ ಸತ್ತವರು ಯಾರೆಂಬುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಅವರು ಸೈನಿಕರು.

ಯೂದ ಮಕ್ಕಬಿಯನ ಸೇನೆ ಗೋರ್ಗಿಯನೆಂಬ ಅಧಿಪತಿಯ ವಿರುದ್ಧ ಕಾದಾಡಿ ಗೆದ್ದಿತ್ತು. ಸಬ್ಬತ್ ದಿನವನ್ನು ಆಚರಿಸಿದ ಬಳಿಕ, ಮಡಿದವರನ್ನು ಅವರ ಪೂರ್ವಜರ ಸಮಾಧಿಗಳಲ್ಲಿ ಇಡಬೇಕೆಂದು ಯೂದನೂ ಅವನ ಜನರೂ ಶವಗಳನ್ನು ತರಲು ಹೋದರು. ಆಗ ಒಂದು ಸಂಗತಿ ಬಯಲಾಯಿತು. ಸತ್ತವರ ಅಂಗಿಯೊಳಗೆ ಯಾಮ್ನಿಯ ಪಟ್ಟಣದ ವಿಗ್ರಹಗಳ ತಾಯಿತಗಳಿದ್ದವು! ಧರ್ಮಶಾಸ್ತ್ರ ಅದನ್ನು ನಿಷೇಧಿಸಿತ್ತು. ದೇವರ ಜನರಿಗಾಗಿ ಹೋರಾಡಿದವರೇ ದೇವರ ಆಜ್ಞೆ ಮೀರಿದ್ದರು.

ಯೂದನು ಅವರನ್ನು ದ್ರೋಹಿಗಳೆಂದು ದೂರ ತಳ್ಳಲಿಲ್ಲ. ಗೆಲುವಿನ ಸಂಭ್ರಮದಲ್ಲಿ ತಪ್ಪನ್ನು ಮುಚ್ಚಿಡಲೂ ಇಲ್ಲ. ಎಲ್ಲರೂ ಸೇರಿ, ಆ ಪಾಪ ಅಳಿಸಿಹೋಗಲೆಂದು ದೇವರನ್ನು ಬೇಡಿದರು. ತಲೆತಲೆಗೂ ಕಾಣಿಕೆ ಎತ್ತಿ ಎರಡು ಸಾವಿರ ಬೆಳ್ಳಿಯ ದ್ರಾಕ್ಮಗಳನ್ನು ಪಾಪಪರಿಹಾರದ ಬಲಿಗಾಗಿ ಜೆರುಸಲೇಮಿಗೆ ಕಳುಹಿಸಿದರು. ಸತ್ತವರು ಮತ್ತೆ ಎದ್ದುಬರುವರೆಂಬ ನಿರೀಕ್ಷೆ ಯೂದನಿಗೆ ಇಲ್ಲದಿದ್ದರೆ ಆ ಪ್ರಾರ್ಥನೆ ವ್ಯರ್ಥವಾಗುತ್ತಿತ್ತು ಎನ್ನುತ್ತದೆ ಗ್ರಂಥ.

ಪ್ರಿಯರೇ, ನಮ್ಮ ಪೂಜಾ ಕೋರಿಕೆಗಳ ಬೇರು ಇಲ್ಲಿದೆ. ಧೈರ್ಯದಿಂದ ಸತ್ತವರು ದೋಷವಿಲ್ಲದೆ ಬದುಕಿದ್ದರು ಎಂದೇನೂ ಅಲ್ಲ. ದೋಷವಿತ್ತೆಂದು ಅವರ ತ್ಯಾಗ ಸುಳ್ಳಾಗುವುದೂ ಇಲ್ಲ. ಎರಡನ್ನೂ ಒಟ್ಟಿಗೆ ದೇವರ ಮುಂದಿಡುವುದೇ ಪ್ರಾರ್ಥನೆ.

ವೀರರು ಮತ್ತು ರಕ್ತಸಾಕ್ಷಿಗಳು

ಹಾಗಾದರೆ ಆ ಅಣ್ಣನ ಮಾತಿನಲ್ಲಿ ತಪ್ಪೇನಿತ್ತು? ಕನ್ನಡದಲ್ಲಿ ದೇಶಕ್ಕಾಗಿ ಮಡಿದವರನ್ನು 'ಹುತಾತ್ಮರು' ಎನ್ನುತ್ತೇವೆ. ಅದು ಗೌರವದ ಮಾತು. ವಿಶ್ವಾಸಕ್ಕಾಗಿ ಪ್ರಾಣ ಕೊಟ್ಟವರನ್ನು ಶ್ರೀಸಭೆ 'ರಕ್ತಸಾಕ್ಷಿಗಳು' ಎಂದು ಕರೆಯುತ್ತದೆ. ರಕ್ತಸಾಕ್ಷಿಗಾಗಿ ಪ್ರಾರ್ಥಿಸುವುದು ಅವರಿಗೆ ಅಗೌರವ, ಅವರ ಪ್ರಾರ್ಥನೆಯನ್ನು ನಾವು ಬೇಡಬೇಕು ಎಂದು ಸಂತ ಅಗಸ್ಟೀನರು ಬೋಧಿಸಿದರು. ಉಳಿದ ಎಲ್ಲ ಮೃತರಿಗಾಗಿ, ಅವರು ಎಷ್ಟೇ ದೊಡ್ಡವರಾಗಿರಲಿ, ಶ್ರೀಸಭೆ ಪ್ರಾರ್ಥಿಸುತ್ತದೆ. ಜಗದ್ಗುರುಗಳು ತೀರಿಕೊಂಡರೂ ಅವರ ಆತ್ಮಕ್ಕಾಗಿ ಬಲಿಪೂಜೆ ಅರ್ಪಿಸುತ್ತೇವೆ. ಹೀಗಿರುವಾಗ ಸೈನಿಕನಿಗಾಗಿ ಪ್ರಾರ್ಥಿಸಿದರೆ ಅವನ ತ್ಯಾಗವನ್ನು ಸಂದೇಹಿಸಿದಂತಲ್ಲ. ಅವನನ್ನು ಕಲ್ಲಿನ ಪ್ರತಿಮೆ ಮಾಡದೆ ನಮ್ಮ ಸಹೋದರನಾಗಿ ಉಳಿಸಿಕೊಂಡಂತೆ.

ಆ ತಾಯಿಯ ಭಯಕ್ಕೂ ಉತ್ತರವಿದೆ. ದೇವರ ಮೇಲಿನ ಪ್ರೀತಿಯಿಂದ ಹುಟ್ಟುವ ಪರಿಪೂರ್ಣ ಪಶ್ಚಾತ್ತಾಪ, ಅವಕಾಶ ಸಿಕ್ಕಿದೊಡನೆ ಪಾಪನಿವೇದನೆ ಮಾಡುವ ಸಂಕಲ್ಪದೊಡನಿದ್ದರೆ, ಮಾರಕ ಪಾಪಗಳಿಗೂ ಕ್ಷಮೆ ತರುತ್ತದೆಂದು ಶ್ರೀಸಭೆ ಕಲಿಸುತ್ತದೆ. ಕಮರಿಗೆ ಬೀಳುವ ವಾಹನದಲ್ಲಿ, ಗುಂಡು ತಗುಲಿದ ಕ್ಷಣದಲ್ಲಿ, ಒಬ್ಬ ಮಗ ದೇವರಿಗೆ ಏನು ಹೇಳಿದನೆಂದು ನಾವು ಕೇಳಿಸಿಕೊಂಡಿಲ್ಲ. ದೇವರು ಕೇಳಿಸಿಕೊಂಡಿದ್ದಾರೆ. ಶಿಲುಬೆಯ ಮೇಲಿದ್ದ ಕಳ್ಳನಿಗೂ ಸಿಕ್ಕಿದ್ದು ಕೊನೆಯ ಗಳಿಗೆಯೇ.

ಮೂರು ಬಲಿಪೂಜೆಗಳ ಹಿನ್ನೆಲೆ

ಸಕಲ ಮೃತರ ಸ್ಮರಣೆಯನ್ನು ಸುಮಾರು 998ರಲ್ಲಿ ಫ್ರಾನ್ಸಿನ ಕ್ಲೂನಿ ಮಠದ ಮಠಾಧಿಪತಿ ಸಂತ ಓದಿಲೋ ತಮ್ಮ ಮಠಗಳಲ್ಲಿ ನವೆಂಬರ್ 2ಕ್ಕೆ ನಿಗದಿಪಡಿಸಿದರು. ಆ ದಿನ ಗುರುಗಳು ಮೂರು ಬಲಿಪೂಜೆ ಅರ್ಪಿಸಬಹುದೆಂಬುದು ನಿಮಗೆ ಗೊತ್ತು. ಈ ಅನುಮತಿ ಮೊದಲು ಸ್ಪೇನ್ ಮತ್ತು ಪೋರ್ಚುಗಲ್ ಕಡೆಯ ಗುರುಗಳಿಗಷ್ಟೇ ಇತ್ತು. ಇದನ್ನು ಎಲ್ಲ ಗುರುಗಳಿಗೂ ಕೊಟ್ಟವರು ಜಗದ್ಗುರು ಹದಿನೈದನೆಯ ಬೆನೆಡಿಕ್ಟರು, 1915ರ ಆಗಸ್ಟ್ 10ರಂದು. ಆಗ ಮೊದಲನೆಯ ಮಹಾಯುದ್ಧ ಎರಡನೆಯ ವರ್ಷಕ್ಕೆ ಕಾಲಿಟ್ಟಿತ್ತು. ಯೂರೋಪಿನ ಹೊಲಗಳಲ್ಲಿ ಯುವಕರು ದಿನವೂ ರಾಶಿರಾಶಿಯಾಗಿ ಸಾಯುತ್ತಿದ್ದರು. ಅಷ್ಟು ಆತ್ಮಗಳಿಗಾಗಿ ಒಂದು ಬಲಿಪೂಜೆ ಸಾಲದೆಂದು ತಂದೆಯಾದ ಜಗದ್ಗುರುಗಳಿಗೆ ಅನ್ನಿಸಿತು. ಹೀಗಾಗಿ ನವೆಂಬರ್ 2ರ ಮೂರು ಪೂಜೆಗಳಲ್ಲಿ ಮಡಿದ ಸೈನಿಕರ ನೆನಪು ಸೇರಿಯೇ ಇದೆ.

ಆ ಯುದ್ಧದಲ್ಲಿ ಭಾರತದ 74,000ಕ್ಕೂ ಹೆಚ್ಚು ಸೈನಿಕರು ಸತ್ತರು. ದೆಹಲಿಯ ಇಂಡಿಯಾ ಗೇಟ್ ಅವರ ನೆನಪಿಗಾಗಿ 1931ರಲ್ಲಿ ಸಿದ್ಧವಾಯಿತು. ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆ 1918ರ ಸೆಪ್ಟೆಂಬರ್ 23ರಂದು ಜೋಧಪುರದ ಪಡೆಯೊಂದಿಗೆ ಹೈಫಾ ಪಟ್ಟಣವನ್ನು ಗೆದ್ದಿತು. ಮೈಸೂರಿನ ಸವಾರರು ಫಿರಂಗಿಗಳತ್ತ ಏರಿಹೋದದ್ದು ಕಾರ್ಮೆಲ್ ಬೆಟ್ಟದ ಇಳಿಜಾರಿನಲ್ಲಿ. ಪ್ರವಾದಿ ಎಲೀಯನ ಬೆಟ್ಟ, ಕಾರ್ಮೆಲ್ ಮಾತೆಯ ಬೆಟ್ಟ ಅದೇ! ಉತ್ತರೀಯ ಧರಿಸುವ ನಮ್ಮಲ್ಲಿ ಎಷ್ಟು ಮಂದಿಗೆ, ಕನ್ನಡ ನಾಡಿನಿಂದ ಹೋದ ಸೈನಿಕರು ಅಲ್ಲಿ ಹೋರಾಡಿದರೆಂಬುದು ಗೊತ್ತು?

ಆ ಸವಾರರು ಕ್ರೈಸ್ತರಲ್ಲವಲ್ಲ, ಅವರಿಗಾಗಿ ಪ್ರಾರ್ಥಿಸಬಹುದೇ ಎಂದು ಕೆಲವರು ಕೇಳುತ್ತಾರೆ. ಬಲಿಪೂಜೆಯ ನಾಲ್ಕನೆಯ ಪರಮಪ್ರಸಾದ ಪ್ರಾರ್ಥನೆಯನ್ನು ಕಿವಿಗೊಟ್ಟು ಕೇಳಿ. ಯಾರ ವಿಶ್ವಾಸವನ್ನು ದೇವರೊಬ್ಬರೇ ಬಲ್ಲರೋ ಅಂಥ ಮೃತರನ್ನೂ ಶ್ರೀಸಭೆ ಅಲ್ಲಿ ಸ್ಮರಿಸುತ್ತದೆ.

ಸಾವಿನ ಬಳಿಕ ನಿಂತುಹೋದ ಪ್ರಾರ್ಥನೆ

2016ರ ಫೆಬ್ರವರಿಯನ್ನು ನೆನೆಸಿಕೊಳ್ಳಿ. ಫೆಬ್ರವರಿ 3ರಂದು ಸಿಯಾಚಿನ್ ಹಿಮನದಿಯ ಸುಮಾರು 19,600 ಅಡಿ ಎತ್ತರದ ಕಾವಲು ಠಾಣೆಯ ಮೇಲೆ ಹಿಮದ ಗೋಡೆ ಕುಸಿಯಿತು. ಮದ್ರಾಸ್ ರೆಜಿಮೆಂಟಿನ ಹತ್ತು ಯೋಧರು ಅದರಡಿ ಹೂತುಹೋದರು. ಅವರಲ್ಲಿ ಮೂವರು ಕನ್ನಡಿಗರು. ಆರನೆಯ ದಿನ ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಜೀವಂತವಾಗಿ ಸಿಕ್ಕರು. ಅವರನ್ನು ದೆಹಲಿಯ ಸೇನಾ ಆಸ್ಪತ್ರೆಗೆ ತಂದಾಗ ದೇವಾಲಯಗಳಲ್ಲಿ, ಮಸೀದಿಗಳಲ್ಲಿ, ನಮ್ಮ ಚರ್ಚುಗಳಲ್ಲಿ ಜನ ಮೊಣಕಾಲೂರಿದರು. ಫೆಬ್ರವರಿ 11ರಂದು ಅವರು ತೀರಿಕೊಂಡರು.

ಆಮೇಲೆ ಏನಾಯಿತು? ಗೌರವ ವಂದನೆ ಸಂದಿತು, ಹೂಗುಚ್ಛಗಳು ಬಂದವು, ಭಾಷಣಗಳಾದವು. ಎಲ್ಲವೂ ಸಲ್ಲಬೇಕಾದದ್ದೇ. ಆದರೆ ನಮ್ಮ ಪ್ರಾರ್ಥನೆ ಮಾತ್ರ ಅಲ್ಲಿಗೇ ನಿಂತಿತು. ಉಸಿರಿರುವತನಕ ಪ್ರಾರ್ಥಿಸಿ, ಉಸಿರು ನಿಂತೊಡನೆ ಪ್ರಾರ್ಥನೆ ನಿಲ್ಲಿಸುವುದು ಪುನರುತ್ಥಾನವನ್ನು ನಂಬುವವರ ರೀತಿಯಲ್ಲ.

ಇನ್ನೊಂದು ಮಾತು. ಸಿಯಾಚಿನ್‌ನಲ್ಲಿ ಶತ್ರುವಿನ ಗುಂಡಿಗಿಂತ ಹೆಚ್ಚು ಜನರನ್ನು ಕೊಂದಿರುವುದು ಚಳಿ, ಹಿಮಕುಸಿತ ಮತ್ತು ಎತ್ತರದ ಕಾಯಿಲೆಗಳು. "ಯುದ್ಧದಲ್ಲಿ ಸತ್ತನೋ, ಅಪಘಾತದಲ್ಲೋ?" ಎಂದು ಮನೆಯವರನ್ನು ಕೇಳುವವರಿದ್ದಾರೆ. ದಯವಿಟ್ಟು ಕೇಳಬೇಡಿ. ಕಾವಲು ಕಾಯುತ್ತಾ ಸತ್ತವನೂ ಸೇವೆಯಲ್ಲೇ ಸತ್ತವನು.

ಎಲ್ಲರ ದೇಹವೂ ಊರಿಗೆ ಬರುವುದಿಲ್ಲ. 1971ರ ಡಿಸೆಂಬರ್ 3ರಂದು ಗಂಗಾಸಾಗರದ ಕಾಳಗದಲ್ಲಿ ಮಡಿದು ಪರಮವೀರ ಚಕ್ರ ಪಡೆದ ಆಲ್ಬರ್ಟ್ ಎಕ್ಕಾ, ಇಂದಿನ ಜಾರ್ಖಂಡಿನ ಕ್ರೈಸ್ತ ಬುಡಕಟ್ಟು ಮನೆತನದವರು. ಅವರು ಮಣ್ಣಾದದ್ದು ಮನೆಯಿಂದ ಬಹುದೂರ, ಅಗರ್ತಲದ ಬಳಿ. ಸಂತ ಮೋನಿಕಾ ಕೂಡ ಸ್ವದೇಶದಿಂದ ದೂರ, ಇಟಲಿಯ ಓಸ್ತಿಯದಲ್ಲಿ ಕಣ್ಣುಮುಚ್ಚಿದರು. ದೇಹವನ್ನು ಎಲ್ಲಿ ಬೇಕಾದರೂ ಇಡಿ, ಬಲಿಪೀಠದ ಬಳಿ ಮಾತ್ರ ನನ್ನನ್ನು ನೆನೆಯಿರಿ ಎಂಬುದೇ ಅವರು ಮಗ ಅಗಸ್ಟೀನನಲ್ಲಿ ಮಾಡಿದ ಕೋರಿಕೆ. ಸಮಾಧಿ ದೂರವಿರುವ ಮನೆಗಳಿಗೆ ಇದಕ್ಕಿಂತ ದೊಡ್ಡ ಸಾಂತ್ವನ ನಮಗೆ ತಿಳಿಯದು.

ಯುದ್ಧದ ಹೊಗಳಿಕೆಯಲ್ಲ

ಮಡಿದವರನ್ನು ನೆನೆಯುವುದೆಂದರೆ ಯುದ್ಧವನ್ನು ಹೊಗಳುವುದಲ್ಲ. ತಮ್ಮ ಕರ್ತವ್ಯವನ್ನು ಸರಿಯಾಗಿ ಮಾಡುವ ಸೈನಿಕರು ಜನಾಂಗಗಳ ಭದ್ರತೆ ಹಾಗೂ ಸ್ವಾತಂತ್ರ್ಯದ ಸೇವಕರು, ಶಾಂತಿಯನ್ನು ಕಾಪಾಡಲು ನೆರವಾಗುವವರು ಎಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಹೇಳಿತು. ಶಾಂತಿಯ ಸೇವಕನ ಸಮಾಧಿಯ ಮೇಲೆ ನಿಂತು ದ್ವೇಷದ ಘೋಷಣೆ ಕೂಗಿದರೆ ಅವನಿಗೇ ಅನ್ಯಾಯ.

2025ರಲ್ಲಿ ನಮ್ಮನ್ನು ಅಗಲಿದ ಜಗದ್ಗುರು ಫ್ರಾನ್ಸಿಸರು ಸಕಲ ಮೃತರ ಸ್ಮರಣೆಯಂದು ಹಲವು ಬಾರಿ ಸೈನಿಕರ ಸಮಾಧಿ ತೋಟಗಳಲ್ಲಿ ಪೂಜೆ ಅರ್ಪಿಸಿದರು. 2017ರಲ್ಲಿ ನೆತ್ತುನೋದ ಅಮೆರಿಕನ್ ಸೈನಿಕರ ಸಮಾಧಿಗಳ ನಡುವೆ, 2021ರಲ್ಲಿ ರೋಮಿನ ಫ್ರೆಂಚ್ ಸೈನಿಕರ ಸಮಾಧಿಗಳ ನಡುವೆ, 2023ರಲ್ಲಿ ರೋಮಿನ ಕಾಮನ್‌ವೆಲ್ತ್ ಯುದ್ಧ ಸಮಾಧಿ ತೋಟದಲ್ಲಿ. ಪ್ರತಿ ಬಾರಿಯೂ ಅವರು ಆ ಕಲ್ಲುಗಳ ಮುಂದೆ ಶಾಂತಿಗಾಗಿ ಬೇಡಿದರು. ಗಡಿಯ ಆಚೆಯೂ ಒಬ್ಬ ತಾಯಿ ಮಗನ ಫೋಟೋದ ಮುಂದೆ ದೀಪ ಹಚ್ಚುತ್ತಿದ್ದಾಳೆ. ಶತ್ರುಗಳಿಗಾಗಿ ಪ್ರಾರ್ಥಿಸಿರೆಂದ ಯೇಸುವಿನ ಶಿಷ್ಯರಾದ ನಾವು ಅವಳನ್ನೂ ಮರೆಯುವಂತಿಲ್ಲ.

ನಾವೇನು ಮಾಡಬಹುದು?

ಈ ತಿಂಗಳು ನಿಮ್ಮ ಮನೆಯ ಪಟ್ಟಿಯಲ್ಲಿ ನಿಮಗೆ ಗೊತ್ತಿರುವ ಒಬ್ಬ ಮಡಿದ ಸೈನಿಕನ ಹೆಸರನ್ನು ಬರೆಯಿರಿ. ಹೆಸರು ಗೊತ್ತಿಲ್ಲದಿದ್ದರೆ ಸಂಜೆಯ ಜಪಸರದ ಒಂದು ದಶಕವನ್ನು ಅವರೆಲ್ಲರಿಗಾಗಿ ಅರ್ಪಿಸಿ. ನವೆಂಬರ್ 1ರಿಂದ 8ರವರೆಗೆ ಸಮಾಧಿ ತೋಟವನ್ನು ಸಂದರ್ಶಿಸಿ ಪ್ರಾರ್ಥಿಸುವವರಿಗೆ ಶ್ರೀಸಭೆ ಕೊಡುವ ಪರಿಪೂರ್ಣ ಫಲವನ್ನು ಮೃತರಿಗಾಗಿ ಒಪ್ಪಿಸಬಹುದೆಂಬುದನ್ನು ಮರೆಯಬೇಡಿ.

ಊರಿನಲ್ಲಿ ಸೈನಿಕನ ವಿಧವೆಯೋ ವೃದ್ಧ ತಂದೆತಾಯಿಯೋ ಇದ್ದರೆ ಅವರ ಮನೆಗೆ ಹೋಗಿ ಬನ್ನಿ. ಮೊದಲ ವಾರ ಮನೆ ತುಂಬಾ ಜನ. ಎರಡನೆಯ ವರ್ಷ ಯಾರೂ ಇರುವುದಿಲ್ಲ. ಡಿಸೆಂಬರ್ 7ರ ಸಶಸ್ತ್ರ ಪಡೆಗಳ ಧ್ವಜ ದಿನದಂದು ಮಕ್ಕಳ ಕೈಯಿಂದ ಒಂದಿಷ್ಟು ಕಾಣಿಕೆ ಕೊಡಿಸಿ. 1949ರಿಂದ ನಡೆದುಬಂದ ಈ ಸಂಗ್ರಹ ಸೈನಿಕರ ಕುಟುಂಬಗಳ ನೆರವಿಗೇ ಹೋಗುತ್ತದೆ. ಯೂದ ಮಕ್ಕಬಿಯನ ಜನರೂ ತಲೆತಲೆಗೂ ಕೊಟ್ಟವರೇ ಅಲ್ಲವೇ?

ಆ ತಾಯಿಯ ವಿಷಯ ಹೇಳಿ ಮುಗಿಸುತ್ತೇವೆ. ಹಬ್ಬದ ಬೆಳಗ್ಗೆ ಮೊದಲ ಪೂಜೆಗೆ ಮುಂಚೆ ನಾವು ಅವರ ಮನೆಗೆ ಹೋದೆವು. "ನಿನ್ನೆ ನಿಮಗೆ ಸರಿಯಾಗಿ ಉತ್ತರ ಹೇಳಲಿಲ್ಲ, ಕ್ಷಮಿಸಿ ಅಮ್ಮ" ಎಂದೆವು. ಮಕ್ಕಬಿಯರ ಗ್ರಂಥದ ಆ ಭಾಗವನ್ನು ಅಲ್ಲೇ ಓದಿದೆವು. ದೊಡ್ಡ ಮಗ ಗೋಡೆಗೊರಗಿ ನಿಂತು ಕೇಳುತ್ತಿದ್ದ. ಓದಿ ಮುಗಿದ ಮೇಲೆ ಏನೂ ಮಾತಾಡದೆ ನಮ್ಮ ಕೈಯಲ್ಲಿದ್ದ ಪಟ್ಟಿಯನ್ನು ತೆಗೆದುಕೊಂಡ. ಒಂಬತ್ತನೆಯ ಹೆಸರನ್ನು ತಾನೇ ಬರೆದುಕೊಟ್ಟ.

ಪ್ರಾರ್ಥಿಸೋಣ: ಕರುಣಾಮಯ ತಂದೆಯೇ, ನಾಡನ್ನು ಕಾಯುತ್ತಾ ಪ್ರಾಣ ತೆತ್ತವರ ದೋಷಗಳನ್ನು ಕ್ಷಮಿಸಿ, ಅವರ ತ್ಯಾಗವನ್ನು ಸ್ವೀಕರಿಸಿ. ದೂರದ ಹಿಮದಲ್ಲೂ ಮಣ್ಣಿನಲ್ಲೂ ಮಲಗಿರುವವರನ್ನು ನಿಮ್ಮ ಬೆಳಕಿಗೆ ಕರೆದುಕೊಳ್ಳಿ. ಅವರ ಮನೆಯವರ ಕಣ್ಣೀರನ್ನು ಒರೆಸಿ. ಇನ್ನು ಯಾವ ತಾಯಿಯೂ ಇಂಥ ಪಟ್ಟಿ ಬರೆಯದಂತೆ ಲೋಕಕ್ಕೆ ಶಾಂತಿ ಕೊಡಿ. ನಮ್ಮ ಪ್ರಭು ಕ್ರಿಸ್ತರ ಮುಖಾಂತರ ಬೇಡುತ್ತೇವೆ. ಆಮೆನ್.