ಗುಂಡು ಹಾರಿದ ಮೇಲೆ

ಶುಕ್ರವಾರ ಮಧ್ಯಾಹ್ನ ಅಮ್ಮನಿಗೆ ಫೋನ್ ಮಾಡಿ, ‘ವೀಕೆಂಡ್ ಸಫಾರಿಗೆ ಹೋಗ್ತಿದ್ದೀನಿ, ನೆಟ್‌ವರ್ಕ್ ಸಿಗಲ್ಲ’ ಅಂದೆ. ‘ಹುಲಿ ಕಂಡ್ರೆ ಫೋಟೊ ಕಳ್ಸು’ ಅಂದಳು. ಆಫ್ರಿಕಾದ ಕಾಡಲ್ಲಿ ಹುಲಿ ಇಲ್ಲಮ್ಮ ಅಂತ ನಕ್ಕೆ. ಜೊತೆಗೆ ರೈಫಲ್ ಇರುತ್ತೆ ಅನ್ನೋದನ್ನು ಮಾತ್ರ ಹೇಳಲಿಲ್ಲ.

ಪ್ರಾಜೆಕ್ಟ್ ಕೆಲಸಕ್ಕೆಂದು ಜೊಹಾನೆಸ್‌ಬರ್ಗ್‌ಗೆ ಬಂದು ಆಗ ಒಂದು ವರ್ಷವಾಗಿತ್ತು. ಅಲ್ಲಿ ಚಳಿಗಾಲ ಬಂತೆಂದರೆ, ಅಂದರೆ ಮೇ ತಿಂಗಳಿಂದ ಆಗಸ್ಟ್‌ವರೆಗೆ, ಆಫೀಸಿನ ಅರ್ಧ ಮಾತು ಬೇಟೆಯದ್ದೇ. ನಮ್ಮಲ್ಲಿ ಮಾವಿನಕಾಯಿ ಕಾಲದಲ್ಲಿ ಉಪ್ಪಿನಕಾಯಿ ಹಾಕಿಡುವ ಹಾಗೆ ಅಲ್ಲಿ ಅನೇಕರು ಒಂದೆರಡು ಇಂಪಾಲಾ ಹೊಡೆದು ಬಿಲ್ಟಾಂಗ್ ಮಾಡಿಟ್ಟುಕೊಳ್ಳುತ್ತಾರೆ. ವಿನೆಗರ್, ಉಪ್ಪು, ಕೊತ್ತಂಬರಿ ಬೀಜ, ಕಾಳುಮೆಣಸು ಹಚ್ಚಿ ಒಣಗಿಸಿದ ಮಾಂಸ ಅದು. ನನ್ನ ಸಹೋದ್ಯೋಗಿಯ ಡ್ರಾಯರ್‌ನಲ್ಲಿ ಯಾವಾಗಲೂ ಇರುತ್ತಿತ್ತು. ನಾನೂ ಕೈ ಹಾಕುತ್ತಿದ್ದೆ. ಒಂದು ದಿನ ಅವನು, ‘ತಿನ್ನೋಕೆ ಬರುತ್ತೆ, ಒಂದ್ಸಲ ಹೊಡೆಯೋಕೂ ಬಾ’ ಅಂದ. ತಮಾಷೆಗೇ ಅಂದಿದ್ದು. ನನಗೆ ಮಾತ್ರ ಚುಚ್ಚಿತು. ಮೂವತ್ತು ವರ್ಷ ಕೋಳಿ, ಕುರಿ, ಮೀನು ತಿಂದಿದ್ದೇನೆ. ಒಂದನ್ನೂ ನನ್ನ ಕೈಯಾರೆ ಕೊಂದಿಲ್ಲ. ಹೊರಟೆ.

ಬೆಲೆಪಟ್ಟಿ ಇರುವ ಕಾಡು

ಎನ್1 ಹೆದ್ದಾರಿಯಲ್ಲಿ ಉತ್ತರಕ್ಕೆ ಹೊರಟು, ಬೇಲಾ-ಬೇಲಾ ದಾಟಿ, ಮೊಡಿಮೊಲೆ ಊರಿನಿಂದ ವಾಲ್‌ವಾಟರ್ ಕಡೆ ತಿರುಗಿದರೆ ಲಿಂಪೊಪೊ ಪ್ರಾಂತ್ಯದ ವಾಟರ್‌ಬರ್ಗ್ ಸಿಗುತ್ತದೆ. ಕೆಂಪು ಮಣ್ಣು, ಒಣಗಿದ ಹುಲ್ಲು, ಎಲ್ಲಿ ನೋಡಿದರೂ ಮುಳ್ಳಿನ ಮರ. ಅಲ್ಲಿನ ಒಂದು ಮುಳ್ಳುಗಿಡಕ್ಕೆ ಆಫ್ರಿಕಾನ್ಸ್ ಭಾಷೆಯಲ್ಲಿ ‘ಸ್ವಲ್ಪ ತಾಳು’ ಅಂತಲೇ ಹೆಸರು. ಅಂಗಿ ಸಿಕ್ಕಿಕೊಂಡರೆ ನಿಂತು ಬಿಡಿಸಿಕೊಳ್ಳದೆ ಬೇರೆ ದಾರಿಯಿಲ್ಲ.

ನಾವು ಹೋದದ್ದು ಸರ್ಕಾರಿ ಕಾಡಿಗಲ್ಲ, ಸುತ್ತ ಎತ್ತರದ ತಂತಿಬೇಲಿ ಇರುವ ಖಾಸಗಿ ಜಮೀನಿಗೆ. ಹಿಂದೆ ಅಲ್ಲಿ ದನ ಸಾಕುತ್ತಿದ್ದರಂತೆ. ಈಗ ಇಂಪಾಲಾ, ಕೂಡೂ, ಜೀಬ್ರಾ, ವೈಲ್ಡ್‌ಬೀಸ್ಟ್, ವಾರ್ಟ್‌ಹಾಗ್. ಇವನ್ನೆಲ್ಲ ಸೇರಿಸಿ ‘ಪ್ಲೇನ್ಸ್ ಗೇಮ್’ ಅನ್ನುತ್ತಾರೆ. ಸಿಂಹ, ಆನೆಯ ಲೆಕ್ಕವೇ ಬೇರೆ. ಊಟದ ಕೋಣೆಯ ಗೋಡೆಯ ಮೇಲೆ ಒಂದೊಂದು ಪ್ರಾಣಿಯ ಎದುರಿಗೂ ಬೆಲೆ ಬರೆದಿತ್ತು, ದರ್ಶಿನಿಯ ಬೋರ್ಡ್‌ನಲ್ಲಿ ಇಡ್ಲಿ, ವಡೆ ಬರೆದ ಹಾಗೆ. ಕೆಳಗೆ ದಪ್ಪ ಅಕ್ಷರದಲ್ಲಿ ಒಂದು ಸಾಲು: ಗಾಯವಾದರೆ ಪೂರ್ತಿ ಬೆಲೆ.

ನಮಗೆ ಇದು ವಿಚಿತ್ರ. ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆ ಅಂದರೆ ಅಪರಾಧ ಅಂತಲೇ ನಾವು ಬೆಳೆದದ್ದು. ಕೆನ್ಯಾ 1977ರಲ್ಲಿ ಬೇಟೆ ನಿಲ್ಲಿಸಿತು. ದಕ್ಷಿಣ ಆಫ್ರಿಕಾ ಉಲ್ಟಾ ದಾರಿ ಹಿಡಿಯಿತು. 1991ರ ಒಂದು ಕಾಯ್ದೆ ಪ್ರಕಾರ, ಸರಿಯಾಗಿ ಬೇಲಿ ಹಾಕಿದ ಜಮೀನಿನ ಒಡೆಯನ ವನ್ಯಪ್ರಾಣಿ ಬೇಲಿ ದಾಟಿ ಹೋದರೂ ಅವನದೇ. ದನಕ್ಕಿಂತ ಜಿಂಕೆ ಲಾಭ ಅನ್ನಿಸಿದ ಕಡೆ ರೈತರು ಜಿಂಕೆಯನ್ನೇ ಸಾಕಿದರು.

ಅದೇ ದೇಶದಲ್ಲಿ ಯುರೋಪಿನಿಂದ ಬಂದು ನೆಲೆಸಿದವರ ಕೋವಿಗೆ ಬ್ಲೂಬಕ್ ಎಂಬ ಜಿಂಕೆ 1800ರ ಹೊತ್ತಿಗೆ ಅಳಿದುಹೋಗಿತ್ತು. ಕೊನೆಯ ಕ್ವಾಗಾ 1883ರಲ್ಲಿ ಆಮ್‌ಸ್ಟರ್‌ಡ್ಯಾಮ್ ಮೃಗಾಲಯದಲ್ಲಿ ಸತ್ತಿತು. ಬೊಂಟೆಬಕ್ ಎಂಬ ಜಿಂಕೆಗೆ 1931ರಲ್ಲಿ ರಾಷ್ಟ್ರೀಯ ಉದ್ಯಾನ ಮಾಡಿದಾಗ ಅಲ್ಲಿ ಬಿಟ್ಟಿದ್ದು 17 ಪ್ರಾಣಿ ಮಾತ್ರ. ಲಂಗುಲಗಾಮಿಲ್ಲದ ಬೇಟೆ ಕೊಂದಿದ್ದನ್ನು ಬೆಲೆಪಟ್ಟಿಯ ಬೇಟೆ ಉಳಿಸುತ್ತದೆ ಅನ್ನೋದು ಅಲ್ಲಿನವರ ವಾದ. ಪೂರ್ತಿ ಒಪ್ಪೋಕೂ ಆಗಲಿಲ್ಲ, ತಳ್ಳಿಹಾಕೋಕೂ ಆಗಲಿಲ್ಲ.

ಒಂದು ಮಾತ್ರ ಕಣ್ಣಿಗೆ ಕಂಡಿತು. ನಮ್ಮ ಟ್ರ್ಯಾಕರ್ ಐವತ್ತು ದಾಟಿದ, ಸೆಪೆಡಿ ಮಾತನಾಡುವ ಮನುಷ್ಯ. ಆ ಕಾಡಿನ ಪ್ರತಿ ಹೆಜ್ಜೆಗುರುತು ಓದಬಲ್ಲವನು. ಆದರೆ ಆ ಗೋಡೆಯ ಮೇಲಿನ ಬೆಲೆ ಕೊಟ್ಟು ಬೇಟೆಯಾಡುವವರು ನಮ್ಮಂಥವರು. 1913ರ ಭೂ ಕಾಯ್ದೆ ಕಪ್ಪು ಜನರಿಗೆ ಬಿಟ್ಟಿದ್ದು ದೇಶದ ನೂರಕ್ಕೆ ಸುಮಾರು 7 ಭಾಗ ನೆಲ ಮಾತ್ರ. ಆ ಬೇಲಿಗಳ ಹಿಂದೆ ಆ ಕಥೆಯೂ ಇದೆ.

ಒಂದೇ ಒಂದು ಹೆಜ್ಜೆ

ವಿದೇಶದಿಂದ ಬಂದವರು ಲೈಸೆನ್ಸ್ ಇರುವ ವೃತ್ತಿಪರ ಬೇಟೆಗಾರನ ಜೊತೆಯಲ್ಲೇ ಬೇಟೆಗೆ ಇಳಿಯಬೇಕು. ನಮ್ಮ ಗೈಡ್ ಶನಿವಾರ ಬೆಳಿಗ್ಗೆ ಮೊದಲು ನನ್ನನ್ನು ರಟ್ಟಿನ ಗುರಿಯ ಎದುರು ಕೂರಿಸಿದ. ನೂರು ಮೀಟರ್, ಮೂರು ಗುಂಡು, ಮೂರೂ ಒಂದು ಅಂಗೈಯಗಲದೊಳಗೆ. ನನಗೆ ಸೊಕ್ಕು ಬಂತು. ‘ರಟ್ಟು ಉಸಿರಾಡಲ್ಲ’ ಅಂದ ಗೈಡ್, ಅಷ್ಟೇ.

ಎಲ್ಲಿ ಹೊಡೆಯಬೇಕು ಅಂತ ಚಿತ್ರ ತೋರಿಸಿದ. ಪ್ರಾಣಿ ಅಡ್ಡ ನಿಂತಿರಬೇಕು. ಮುಂಗಾಲಿನ ನೇರಕ್ಕೆ, ಹೊಟ್ಟೆಯ ಗೆರೆಯಿಂದ ಮೂರನೇ ಒಂದು ಭಾಗ ಮೇಲೆ. ಹೃದಯ, ಶ್ವಾಸಕೋಶ ಅಲ್ಲಿರುತ್ತೆ. ಒಂದು ಗೇಣು ಹಿಂದೆ ಸರಿದರೆ ಹೊಟ್ಟೆ. ‘ಆಗ ನಮ್ಮ ವೀಕೆಂಡ್ ಮುಗಿದ ಹಾಗೆ.’

ಇಡೀ ದಿನ ನಡೆದೆವು. ಗೈಡ್ ಸಣ್ಣ ಚೀಲದಿಂದ ಬೂದಿ ಹಾರಿಸಿ ಗಾಳಿ ಯಾವ ಕಡೆ ಅಂತ ನೋಡುತ್ತಿದ್ದ. ಎರಡು ಸಲ ಗಾಳಿ ತಿರುಗಿ, ಇಂಪಾಲಾಗಳು ಸೀನಿದ ಹಾಗೆ ಸದ್ದು ಮಾಡಿ ಓಡಿಹೋದವು. ಸಂಜೆ ಮುಕ್ಕಾಲು ನಾಲ್ಕರ ಹೊತ್ತಿಗೆ ನಾನು ಸುಸ್ತಾಗಿದ್ದೆ. ಆಮೇಲೆ ಒಂದು ಗಂಟೆಯಲ್ಲಿ ಟ್ರ್ಯಾಕರ್ ಕೈ ಎತ್ತಿದ. ತೊಂಬತ್ತು ಮೀಟರ್ ದೂರದಲ್ಲಿ ಗುಂಪಿನಿಂದ ಬೇರೆಯಾಗಿ ಒಂದು ವಯಸ್ಸಾದ ಗಂಡು. ವೀಣೆಯ ಹಾಗೆ ಬಾಗಿದ ಕೊಂಬು. ಸಂಜೆ ಬಿಸಿಲಿಗೆ ಮೈ ತಾಮ್ರದ ಬಣ್ಣ.

ಮೂರು ಕಾಲಿನ ಊರುಗೋಲಿನ ಮೇಲೆ ರೈಫಲ್ ಇಟ್ಟೆ. ಎದೆ ಎಷ್ಟು ಜೋರಾಗಿ ಬಡಿಯುತ್ತಿತ್ತೆಂದರೆ ಸ್ಕೋಪಿನೊಳಗೆ ಗುರಿ ಕುಣಿಯುತ್ತಿತ್ತು. ‘ಬೇಡ ಅನ್ನಿಸಿದರೆ ಬಿಟ್ಟುಬಿಡು’ ಅಂದ ಗೈಡ್ ಪಿಸುಮಾತಲ್ಲಿ. ಬಿಡಬೇಕಿತ್ತು. ಬಿಡಲಿಲ್ಲ. ಸೋಮವಾರ ಆಫೀಸಿನಲ್ಲಿ ಏನು ಹೇಳೋದು ಅನ್ನೋದು ತಲೆಯಲ್ಲಿತ್ತು. ಟ್ರಿಗರ್ ಒತ್ತುವ ಬದಲು ಎಳೆದೆ. ಅದೇ ಕ್ಷಣ ಅದು ಒಂದು ಹೆಜ್ಜೆ ಮುಂದಿಟ್ಟಿತು.

‘ಥಪ್’ ಅಂತ ಸದ್ದು ಬಂತು. ಅದು ಬೆನ್ನು ಗೂನು ಮಾಡಿಕೊಂಡು ಪೊದೆಯೊಳಗೆ ನುಗ್ಗಿತು. ಬಿದ್ದಿತು ಅಂತ ನಾನು ಖುಷಿಯಲ್ಲಿ ತಿರುಗಿದರೆ ಇಬ್ಬರ ಮುಖದಲ್ಲೂ ನಗುವಿಲ್ಲ. ‘ಹೊಟ್ಟೆಗೆ’ ಅಂದ ಗೈಡ್.

ಬೆಳಗಾಗುವ ತನಕ

ಓಡಿಹೋಗಿ ಹುಡುಕೋಣ ಅಂದೆ. ಬೇಡ ಅಂದರು. ಹಿಂದೆ ಬಿದ್ದರೆ ಅದು ಇನ್ನೂ ದೂರ ಓಡುತ್ತೆ, ಬಿಟ್ಟರೆ ಎಲ್ಲಾದರೂ ಮಲಗುತ್ತೆ. ಅರ್ಧ ಗಂಟೆ ಸುಮ್ಮನೆ ನಿಂತೆವು. ಆಮೇಲೆ ಟ್ರ್ಯಾಕರ್ ಮೊದಲ ರಕ್ತದ ಹನಿ ತೋರಿಸಿದ. ಶ್ವಾಸಕೋಶಕ್ಕೆ ತಗುಲಿದ್ದರೆ ನಸುಗೆಂಪು, ನೊರೆ ನೊರೆ ಇರುತ್ತಿತ್ತಂತೆ. ಇದು ಗಾಢ ಬಣ್ಣ, ಅದರಲ್ಲಿ ಅರೆದ ಹುಲ್ಲಿನ ಹಸಿರು. ಹನಿ ಸಿಕ್ಕಲ್ಲೆಲ್ಲ ಮುಳ್ಳಿಗೆ ಒಂದು ಚೂರು ಟಾಯ್ಲೆಟ್ ಪೇಪರ್ ಸಿಕ್ಕಿಸುತ್ತಾ ಹೋದ. ಕತ್ತಲಾಯಿತು. ಕೊನೆಯ ಹನಿ ಸಿಕ್ಕಲ್ಲಿ ನಿಲ್ಲಿಸಿದೆವು.

ಆ ರಾತ್ರಿ ಬೆಂಕಿ ಸುತ್ತ ಬ್ರಾಯ್ ನಡೆಯಿತು. ಕೆಂಡದ ಮೇಲೆ ಮಾಂಸ ಸುಡುವ ಅಲ್ಲಿನ ಊಟ. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೇ ವಾಸಿ ಇತ್ತು. ನಾನು ಪ್ಲೇಟ್ ಹಾಗೇ ಕೆಳಗಿಟ್ಟೆ. ದೂರದಲ್ಲಿ ನರಿ ಊಳಿಟ್ಟಿತು. ಹಾಸಿಗೆಯಲ್ಲಿ ಮಲಗಿ ಹೊರಗಿನ ಚಳಿ ಲೆಕ್ಕ ಹಾಕಿದೆ. ಅದು ಅಲ್ಲೆಲ್ಲೋ ಕತ್ತಲಲ್ಲಿ ಹೊಟ್ಟೆ ಹಿಡಿದುಕೊಂಡು ಮಲಗಿದೆ. ನನ್ನ ಕೆಲಸದಲ್ಲಿ ಏನೇ ತಪ್ಪಾದರೂ ರೋಲ್‌ಬ್ಯಾಕ್ ಮಾಡಿ ಹಳೇ ವರ್ಷನ್‌ಗೆ ಹೋಗಬಹುದು. ಇದಕ್ಕೆ ರೋಲ್‌ಬ್ಯಾಕ್ ಇಲ್ಲ.

‘ಸಿಗದಿದ್ದರೆ?’ ಅಂತ ಗೈಡ್‌ಗೆ ಕೇಳಿದ್ದೆ. ‘ದುಡ್ಡು ಕಟ್ಟಿ ಹೋಗಬಹುದು. ತುಂಬಾ ಜನ ಹಾಗೇ ಹೋಗ್ತಾರೆ. ನಾವು ಹುಡುಕ್ತೀವಿ’ ಅಂದಿದ್ದ.

ಭಾನುವಾರ ಬೆಳಿಗ್ಗೆ ಬೆಳಕು ಹರಿಯುವ ಮೊದಲೇ ಎದ್ದೆ. ಬಕ್ಕಿಯ ಹಿಂದೆ, ಅಂದರೆ ಪಿಕಪ್ ಗಾಡಿಯಲ್ಲಿ, ಟ್ರ್ಯಾಕರ್ ಆಗಲೇ ಕೂತಿದ್ದ. ಜೊತೆಗೆ ಪುಟ್ಟ ಜ್ಯಾಕ್ ರಸೆಲ್ ನಾಯಿ. ಕೊನೆಯ ಪೇಪರ್ ಚೂರಿನಿಂದ ಶುರು. ಟ್ರ್ಯಾಕರ್ ನನಗೂ ಕಲಿಸುತ್ತಾ ಹೋದ: ಇಲ್ಲಿ ಹುಲ್ಲು ತಿರುಚಿದೆ, ಇಲ್ಲಿ ಕಾಲು ಎಳೆದಿದೆ, ಇಲ್ಲಿ ಒಮ್ಮೆ ಮಲಗಿ ಎದ್ದಿದೆ. ಮುಳ್ಳಿನಲ್ಲಿ ನನ್ನ ಕೈ ಹರಿದುಹೋಯಿತು. ಎಂಟು ದಾಟುವ ಹೊತ್ತಿಗೆ ನಾಯಿ ಬೊಗಳಿತು.

ಅದು ಬದುಕಿತ್ತು. ಒಂದು ಪೊದೆಯ ಬುಡದಲ್ಲಿ ಕೂತಿತ್ತು, ತಲೆ ಎತ್ತಿಕೊಂಡೇ. ಏಳಲು ನೋಡಿತು, ಆಗಲಿಲ್ಲ. ಗೈಡ್ ರೈಫಲ್ ನನ್ನ ಕೈಗೆ ಕೊಟ್ಟು, ‘ಕತ್ತಿಗೆ. ಬೇಗ’ ಅಂದ. ಇಪ್ಪತ್ತು ಹೆಜ್ಜೆ ದೂರ. ಈ ಸಲ ಕೈ ನಡುಗಲಿಲ್ಲ.

ಗುಂಡು ಹಾರಿಸಿದ್ದು ಒಂದು ಸೆಕೆಂಡ್. ಅದು ಮುಗಿಯಲು 15 ಗಂಟೆ ಬೇಕಾಯಿತು. ಆ 15 ಗಂಟೆಯನ್ನು ಅನುಭವಿಸಿದ್ದು ನಾನಲ್ಲ.

ಶೆಡ್‌ನಲ್ಲಿ ಚರ್ಮ ಸುಲಿಯುವಾಗಲೂ ನಿಂತಿದ್ದೆ. ಹೊಟ್ಟೆಯ ಸುತ್ತಿನ ಮಾಂಸ ಕೆಟ್ಟಿತ್ತು, ಕತ್ತರಿಸಿ ಎಸೆದರು. ಉಳಿದದ್ದನ್ನು ಕೋಲ್ಡ್ ರೂಮಿನಲ್ಲಿ ನೇತುಹಾಕಿದರು. ಕೊಂಬು ಬೇಕಾ ಅಂತ ಕೇಳಿದರು. ಬೇಡ ಅಂದೆ. ಫೋಟೊ ಕೂಡ ತೆಗೆಯಲಿಲ್ಲ. ಪೂರ್ತಿ ಬೆಲೆ ಕಟ್ಟಿದೆ. ಮುಂದಿನ ಸೀಸನ್‌ಗೆ ಕರೆದಾಗ, ರೇಂಜಿನಲ್ಲಿ ಆರು ತಿಂಗಳು ಕಲಿಯದೆ ಬರಲ್ಲ ಅಂದೆ. ಅವನು ನಗಲಿಲ್ಲ, ಸರಿ ಅಂದ.

ಭಾನುವಾರ ರಾತ್ರಿ ಅಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ತುಂಬಾ ಹೊತ್ತು ಮಾತಿಲ್ಲ. ಆಮೇಲೆ ಕೇಳಿದಳು, ‘ಸಿಕ್ತಾ?’

‘ಸಿಕ್ತು.’

‘ಪುಣ್ಯ. ನಿಮ್ಮಜ್ಜ ಒಂದ್ಸಲ ಗದ್ದೆಗೆ ಬಂದ ಹಂದಿಗೆ ಈಡು ಹೊಡ್ದಿದ್ರಂತೆ. ಗಾಯ ಆಗಿ ಓಡ್ತಂತೆ. ಮೂರು ದಿನ ಹುಡುಕಿದ್ರಂತೆ, ಸಿಗ್ಲೇ ಇಲ್ಲ. ನಾಲ್ಕನೇ ದಿನ ಕೋವಿ ತಗೊಂಡ್ಹೋಗಿ ಸ್ಟೇಷನ್‌ಗೆ ಕೊಟ್ಟು ಬಂದ್ರು.’

ಅಜ್ಜ ಕೋವಿ ಒಪ್ಪಿಸಿದ್ದು ಲೈಸೆನ್ಸ್ ರಿನ್ಯೂ ಮಾಡಿಸೋ ರಗಳೆಗೆ ಅಂತ ನಾನು ಇಷ್ಟು ವರ್ಷ ಅಂದುಕೊಂಡಿದ್ದೆ.