ಖಾಲಿ ವಾರ, ಜೋಡಿ ವಾರ: ಕೊಚ್ಚಿಯಲ್ಲೊಂದು ಚಿಪ್ ಲೆಕ್ಕಾಚಾರ

ಕೇರಳಕ್ಕೆ ಕೆಲಸಕ್ಕೆಂದು ಬರುವ ಕನ್ನಡಿಗರಿಗೆ ಮೊದಲ ವಾರದಲ್ಲೇ ಎರಡು ಪ್ರಶ್ನೆ ಎದುರಾಗುತ್ತವೆ. ಊಟಕ್ಕೆ ಕುಚ್ಚಲಕ್ಕಿಯೋ ಬಿಳಿ ಅನ್ನವೋ ಎಂಬುದು ಒಂದು. ಇನ್ನೊಂದು, ‘ನಿಮ್ಮದು ಯಾವ ಟೀಮು?’ ಆರ್‌ಸಿಬಿ ಎಂದು ಎದೆಯುಬ್ಬಿಸಿ ಹೇಳಿದರೆ ನಗುತ್ತಾರೆ. ಅವರು ಕೇಳುತ್ತಿರುವುದು ಆರ್ಸೆನಲ್ಲೋ, ಲಿವರ್‌ಪೂಲೋ, ಮ್ಯಾಂಚೆಸ್ಟರ್ ಯುನೈಟೆಡ್ಡೋ ಎಂದು. 2022ರ ವಿಶ್ವಕಪ್ ಹೊತ್ತಿಗೆ ಕೋಯಿಕ್ಕೋಡಿನ ಪುಳ್ಳಾವೂರಿನಲ್ಲಿ ನದಿಯ ನಡುವೆ ಮೆಸ್ಸಿ, ನೇಮಾರ್, ರೊನಾಲ್ಡೊ ಅವರ ಆಳೆತ್ತರ ಮೀರಿದ ಕಟೌಟ್ ನಿಂತಿದ್ದವು. ಕೊಚ್ಚಿ ಹತ್ತಿರದ ಮುಂಡಕ್ಕಮುಗಳ್‌ನಲ್ಲಿ 17 ಮಂದಿ ಸೇರಿ, ಒಟ್ಟಿಗೆ ಕೂತು ಪಂದ್ಯ ನೋಡಲೆಂದೇ 23 ಲಕ್ಷ ರೂಪಾಯಿ ಕೊಟ್ಟು ಮನೆ ಖರೀದಿಸಿದ್ದರು. ಇಂಥ ಊರಿನ ಆಫೀಸಿನಲ್ಲಿ ಕ್ರಿಕೆಟ್ ಒಂದನ್ನೇ ನಂಬಿಕೊಂಡು ಊಟದ ಟೇಬಲ್ಲಿನ ಮಾತಿಗೆ ಸೇರುವುದು ಕಷ್ಟ. ಬೆಂಗಳೂರಿನ ಹೆಸರೆತ್ತಿದರಂತೂ 2023ರ ಮಾರ್ಚ್ 3 ನೆನಪಾಗುತ್ತದೆ. ಕಂಠೀರವದಲ್ಲಿ ಸುನಿಲ್ ಚೆಟ್ರಿ ಹೊಡೆದ ಆ ದಿಢೀರ್ ಫ್ರೀ ಕಿಕ್, ಅದನ್ನು ಒಪ್ಪದೆ ಮೈದಾನದಿಂದ ಹೊರನಡೆದ ಕೇರಳ ಬ್ಲಾಸ್ಟರ್ಸ್. ಇಲ್ಲಿ ಆ ಗಾಯ ಇನ್ನೂ ಹಸಿ.

ಹೀಗಾಗಿ ನನ್ನಂಥವರಿಗೆ ಈ ಬಳಗಕ್ಕೆ ದಾರಿಯಾಗಿ ಸಿಕ್ಕಿದ್ದು ಫ್ಯಾಂಟಸಿ ಪ್ರೀಮಿಯರ್ ಲೀಗ್, ಬಾಯಿಮಾತಿನಲ್ಲಿ ಎಫ್‌ಪಿಎಲ್. ಆರು ವರ್ಷದಿಂದ ಕಾಕ್ಕನಾಡಿನ ಇನ್ಫೋಪಾರ್ಕ್‌ನಲ್ಲಿದ್ದೇನೆ. ಈಚೆಗೆ ತಿಂಗಳಲ್ಲಿ ಎರಡು ವಾರ ತಿರುವನಂತಪುರದ ಟೆಕ್ನೋಪಾರ್ಕ್‌ನಲ್ಲೂ ಕೆಲಸ. ಎರಡೂ ಆಫೀಸು ಸೇರಿ ನಮ್ಮದೊಂದು ಖಾಸಗಿ ಲೀಗ್ ಇದೆ. ಅದರಲ್ಲಿ ಇಪ್ಪತ್ತಾರು ಜನ, ಕನ್ನಡದವರು ಮೂವರು: ದಾವಣಗೆರೆಯ ನಾನು, ಹುಬ್ಬಳ್ಳಿಯ ಒಬ್ಬ ಹುಡುಗ, ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದಲ್ಲೇ ಓದಿ ಬಂದ ಒಬ್ಬ ಗೆಳೆಯ. ಹಣದ ವ್ಯವಹಾರವಿಲ್ಲ. ತಿಂಗಳ ಕೊನೆಗೆ ಕೆಳಗೆ ಬಿದ್ದವರು ಎಲ್ಲರಿಗೂ ಚಹಾ, ಪಳಂಪೊರಿ ಕೊಡಿಸಬೇಕು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದಾಗ ಊರಿಂದ ಅಪ್ಪ ಫೋನ್ ಮಾಡಿ ‘ನಿಂದೂ ಬಂದ್ ಆತಾ?’ ಎಂದು ಕೇಳಿದರು. ಇಲ್ಲಪ್ಪ, ಇದು ಪ್ರೀಮಿಯರ್ ಲೀಗೇ ಪುಕ್ಕಟೆ ನಡೆಸುವ ಆಟ, ಹೋಗುವುದು ನಿದ್ದೆ ಮಾತ್ರ ಎಂದೆ.

ಆಡದವರಿಗಾಗಿ ನಾಲ್ಕು ಮಾತು. 10 ಕೋಟಿ ಪೌಂಡಿನ ಕಾಲ್ಪನಿಕ ಬಜೆಟ್ಟಿನಲ್ಲಿ 15 ಆಟಗಾರರನ್ನು ಕೊಳ್ಳಬೇಕು, ಒಂದು ಕ್ಲಬ್ಬಿನಿಂದ ಮೂವರಿಗಿಂತ ಹೆಚ್ಚಿಲ್ಲ. ಹನ್ನೊಂದು ಜನ ಆಡುತ್ತಾರೆ, ನಾಲ್ವರು ಬೆಂಚಿನಲ್ಲಿ. ನಾಯಕನ ಅಂಕ ಎರಡುಪಟ್ಟು. ವಾರಕ್ಕೆ ಒಬ್ಬನನ್ನು ಪುಕ್ಕಟೆ ಬದಲಿಸಬಹುದು, ಆಮೇಲಿನ ಪ್ರತಿ ಬದಲಾವಣೆಗೆ 4 ಅಂಕ ಕಟ್. ಚಿಪ್‌ಗಳು ಈ ನಿಯಮಗಳಿಂದ ಸಿಗುವ ವಿನಾಯಿತಿ. ವೈಲ್ಡ್‌ಕಾರ್ಡ್ ಬಳಸಿದರೆ ತಂಡವನ್ನೇ ಹೊಸದಾಗಿ ಕಟ್ಟಬಹುದು. ಫ್ರೀ ಹಿಟ್ ಒಂದೇ ವಾರದ ಬಾಡಿಗೆ ತಂಡ. ಬೆಂಚ್ ಬೂಸ್ಟ್ ಹಾಕಿದ ವಾರ ಬೆಂಚಿನವರ ಅಂಕವೂ ಸೇರುತ್ತದೆ, ಟ್ರಿಪಲ್ ಕ್ಯಾಪ್ಟನ್ ಹಾಕಿದ ವಾರ ನಾಯಕನಿಗೆ ಮೂರುಪಟ್ಟು.

ಪೇಚು ಇರುವುದು ವೇಳಾಪಟ್ಟಿಯಲ್ಲಿ. 20 ತಂಡ, 38 ವಾರ, 380 ಪಂದ್ಯ. ವಾರಕ್ಕೆ ಹತ್ತರಂತೆ ಸಮವಾಗಿ ನಡೆಯಬೇಕು, ನಡೆಯುವುದಿಲ್ಲ. ಕಪ್ ಪಂದ್ಯ, ಬಿರುಗಾಳಿ ಏನಾದರೊಂದು ಅಡ್ಡ ಬರುತ್ತದೆ. ಆಗ ಪಂದ್ಯ ಮುಂದೆ ಹೋಗುತ್ತದೆ, ಕೆಲವೊಮ್ಮೆ ಹಿಂದಕ್ಕೂ ಬರುತ್ತದೆ. ಇಂಜಿನಿಯರಿಂಗ್ ಓದಿದವರಿಗೆ ಇದು ಹೊಸದಲ್ಲ: ಮಳೆಯಿಂದ ಮುಂದೂಡಿದ ಪರೀಕ್ಷೆ ಇನ್ನೊಂದು ವಾರಕ್ಕೆ ಬಂದು ಕೂತು, ಆ ವಾರ ಎರಡು ಪೇಪರ್ ಆಗುತ್ತದಲ್ಲ, ಹಾಗೆಯೇ. ಪಂದ್ಯ ಎದ್ದುಹೋದ ವಾರ ಆ ಎರಡು ತಂಡಗಳಿಗೆ ಖಾಲಿ, ಅದು ಬಂದು ಕೂತ ವಾರ ಜೋಡಿ. ಆಟದವರ ಬಾಯಲ್ಲಿ ಬ್ಲ್ಯಾಂಕ್ ಮತ್ತು ಡಬಲ್. ಇವೆರಡನ್ನು ಬೇರೆ ಬೇರೆ ಸಂಗತಿ ಎಂದುಕೊಂಡವರು ಜೋಡಿ ವಾರಕ್ಕೆ ಆಸೆಪಟ್ಟು ಚಿಪ್ ಸುರಿಯುತ್ತಾರೆ, ಖಾಲಿ ವಾರ ಬಂದಾಗ ಏಳೇ ಜನರನ್ನಿಟ್ಟುಕೊಂಡು ಪರದಾಡುತ್ತಾರೆ. ಒಂದೇ ಪಂದ್ಯದ ಎರಡು ತುದಿ ಇವು, ಎರಡನ್ನೂ ಒಟ್ಟಿಗೇ ನೋಡಬೇಕು.

ಕೆಲವು ಅಡ್ಡಿಗಳು ಹೇಳಿ ಕೇಳಿ ಬರುವುದಿಲ್ಲ. 2023ರ ಡಿಸೆಂಬರ್ 16ರಂದು ಬೋರ್ನ್‌ಮತ್ ಮೈದಾನದಲ್ಲಿ ಲೂಟನ್ ನಾಯಕ ಟಾಮ್ ಲಾಕಿಯರ್ ಹೃದಯ ಸ್ತಂಭನದಿಂದ ಕುಸಿದುಬಿದ್ದರು. ಜೀವ ಉಳಿಯಿತು, 1-1ರಲ್ಲಿದ್ದ ಪಂದ್ಯ ಅಲ್ಲಿಗೇ ನಿಂತಿತು. ಅದನ್ನು ಮೊದಲಿನಿಂದ ಮತ್ತೆ ಆಡಿಸಿದ್ದು 2024ರ ಮಾರ್ಚ್ 13ಕ್ಕೆ. ಹಾಗಾಗಿ 28ನೇ ವಾರದಲ್ಲಿ ಆ ಎರಡು ತಂಡಗಳಿಗೆ ಎರಡೆರಡು ಪಂದ್ಯ. ಬೋರ್ನ್‌ಮತ್‌ನ ಡೊಮಿನಿಕ್ ಸೊಲಾಂಕೆಯನ್ನು ನಮ್ಮ ಲೀಗಿನಲ್ಲಿ ನಾಲ್ವರು ಟ್ರಿಪಲ್ ಕ್ಯಾಪ್ಟನ್ ಮಾಡಿದ್ದರು. ಮೊದಲ ಪಂದ್ಯದಲ್ಲಿ ಆತ ಕಾಲು ಜಾರಿ ಪೆನಾಲ್ಟಿ ಕಳೆದುಕೊಂಡ. ಎರಡನೆಯದರಲ್ಲಿ ಬೋರ್ನ್‌ಮತ್ 0-3 ಹಿಂದಿದ್ದು 4-3ರಿಂದ ಗೆದ್ದಾಗ ಒಂದು ಗೋಲು ಅವನದಿತ್ತು. ನಾಲ್ವರೂ ಉಸಿರು ಬಿಟ್ಟರು, ಅಷ್ಟೇ. ಮರುವರ್ಷ, 2024ರ ಡಿಸೆಂಬರ್ 7ರಂದು ಡಾರಾ ಬಿರುಗಾಳಿಯಿಂದ ಎವರ್ಟನ್–ಲಿವರ್‌ಪೂಲ್ ಪಂದ್ಯ ನಿಂತುಹೋಗಿ 2025ರ ಫೆಬ್ರುವರಿ 12ಕ್ಕೆ ನಡೆಯಿತು. 24ನೇ ವಾರ ಜೋಡಿಯಾಯಿತು. ಮೊಹಮ್ಮದ್ ಸಲಾ ಬೋರ್ನ್‌ಮತ್ ಎದುರು ಎರಡು ಗೋಲು ಹೊಡೆದ. ಗುಡಿಸನ್ ಪಾರ್ಕ್‌ನಲ್ಲಿ ಒಂದು ಹೊಡೆದು ಇನ್ನೊಂದಕ್ಕೆ ಪಾಸ್ ಕೊಟ್ಟ. ಆ ವಾರ ಅವನ ಮೇಲೆ ಚಿಪ್ ಇಟ್ಟವರು ತಿಂಗಳು ಪೂರ್ತಿ ಕಾಲರ್ ಎತ್ತಿ ಓಡಾಡಿದರು.

ಉಳಿದ ಅಡ್ಡಿಗಳು ಕ್ಯಾಲೆಂಡರಿನಲ್ಲೇ ಬರೆದಿರುತ್ತವೆ. ಲೀಗ್ ಕಪ್ ಫೈನಲ್ ಯಾವ ಭಾನುವಾರ, ಎಫ್‌ಎ ಕಪ್ ಸೆಮಿಫೈನಲ್ ಯಾವ ವಾರಾಂತ್ಯ ಎಂಬುದು ಋತು ಆರಂಭಕ್ಕೆ ಮೊದಲೇ ಗೊತ್ತು. ಗೊತ್ತಿಲ್ಲದ್ದು ಅಲ್ಲಿಗೆ ಯಾರು ತಲುಪುತ್ತಾರೆ ಎಂಬುದು ಮಾತ್ರ, ಒಂದೊಂದು ಸುತ್ತು ಮುಗಿದಂತೆ ಅದೂ ಸ್ಪಷ್ಟವಾಗುತ್ತದೆ. ಬೆನ್ ಕ್ರೆಲಿನ್ ಎಂಬಾತ ಇದನ್ನೇ ಪಟ್ಟಿ ಮಾಡಿ, ಯಾವ ಪಂದ್ಯ ಎಲ್ಲಿಗೆ ಸರಿಯಬಹುದು ಎಂದು ಊಹಿಸಿ ಹೇಳುವುದರಿಂದಲೇ ಎಫ್‌ಪಿಎಲ್ ಲೋಕದಲ್ಲಿ ಹೆಸರಾದ. 2023-24ರ 29ನೇ ವಾರ ಎಫ್‌ಎ ಕಪ್ ಕ್ವಾರ್ಟರ್‌ಫೈನಲ್‌ಗಳ ವಾರಾಂತ್ಯಕ್ಕೆ ಬಿದ್ದು, ಲೀಗಿನಲ್ಲಿ ನಡೆದದ್ದು ನಾಲ್ಕೇ ಪಂದ್ಯ. ಪಟ್ಟಿ ನೋಡಿಕೊಂಡವರಿಗೆ ಅದು ಅಚ್ಚರಿಯೇನಲ್ಲ.

ಹಾಗೆಂದು ಜೋಡಿ ವಾರ ಬಂತೆಂದರೆ ಹಬ್ಬ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಅದಕ್ಕೆ 2025ರ ಏಪ್ರಿಲ್‌ಗಿಂತ ಒಳ್ಳೆಯ ಸಾಕ್ಷಿ ಬೇಡ. ನ್ಯೂಕ್ಯಾಸಲ್ ಲೀಗ್ ಕಪ್ ಫೈನಲ್‌ಗೆ ಹೋದದ್ದರಿಂದ ಕ್ರಿಸ್ಟಲ್ ಪ್ಯಾಲೇಸ್ ಜತೆಗಿನ ಅದರ ಪಂದ್ಯ 29ನೇ ವಾರದಿಂದ 32ಕ್ಕೆ ಸರಿಯಿತು. ಆ ವಾರ ಎರಡು ತಂಡಕ್ಕೂ ಎರಡೆರಡು ಪಂದ್ಯ, ಒಂದಂತೂ ಪರಸ್ಪರವೇ. ಹುಬ್ಬಳ್ಳಿಯ ಹುಡುಗ ಎರಡೂ ಕಡೆಯಿಂದ ಮೂವರಂತೆ ತುಂಬಿಕೊಂಡು ಬಂದ. ಕಾಸರಗೋಡಿನವನು ಅವನ ಮೊಬೈಲ್ ಇಣುಕಿ ನೋಡಿ, ‘ಎಂತ ಮಾರಾಯಾ ಇದು? ಪ್ಯಾಲೇಸ್‌ಗೆ ಎರಡೂ ಹೊರಗೆ ಉಂಟಲ್ಲ, ನೀನು ಡಿಫೆನ್ಸ್‌ನವರನ್ನು ಹಾಕಿದ್ದಾ?’ ಎಂದ. ‘ಇರ್ಲಿ ಬಿಡಣ್ಣಾ, ನ್ಯೂಕ್ಯಾಸಲ್‌ದವ್ರೂ ಅದಾರಲ್ಲ ನನ್ನ ಕಡೆ’ ಎಂದು ಇವನು. ಇಬ್ಬರ ಮಾತೂ ನಿಜವಾಯಿತು. ತನ್ನದೇ ಮೈದಾನದಲ್ಲಿ ಎರಡೂ ಪಂದ್ಯ ಆಡಿದ ನ್ಯೂಕ್ಯಾಸಲ್, ಮ್ಯಾಂಚೆಸ್ಟರ್ ಯುನೈಟೆಡ್‌ಗೆ 4-1, ಪ್ಯಾಲೇಸ್‌ಗೆ 5-0 ಬಾರಿಸಿತು. ಪ್ಯಾಲೇಸ್ ಅದಕ್ಕೆ ಮೊದಲೇ ಮ್ಯಾಂಚೆಸ್ಟರ್ ಸಿಟಿಯಲ್ಲಿ 5-2ರಿಂದ ಸೋತು ಬಂದಿತ್ತು. ಹತ್ತು ಗೋಲು ಬಿಟ್ಟುಕೊಟ್ಟ ತಂಡದ ರಕ್ಷಣಾ ಆಟಗಾರನ ಗತಿ ಏನು? ಪೂರ್ತಿ ಆಡಿದ್ದಕ್ಕೆ 2 ಅಂಕ. ಬಿಟ್ಟುಕೊಟ್ಟ ಪ್ರತಿ ಎರಡು ಗೋಲಿಗೆ ಒಂದು ಅಂಕ ಕಟ್, ಐದು ಗೋಲಿಗೆ ಎರಡು ಹೋಯಿತು. ಹೀಗೆ ಎರಡು ಸಲ. ಗೋಲಿನಲ್ಲಿ ಕೈಯಿಲ್ಲದವನು 180 ನಿಮಿಷ ಬೆವರು ಸುರಿಸಿಯೂ ಸೊನ್ನೆ. ಅದೇ ಪ್ಯಾಲೇಸ್ ಮುಂದಿನ ತಿಂಗಳು ಎಫ್‌ಎ ಕಪ್ ಎತ್ತಿತು ಎನ್ನುವುದು ಬೇರೆ ಮಾತು.

ಎದುರಾಳಿ ಯಾರು, ಮೈದಾನ ಯಾರದು ಎಂಬುದರ ಜತೆಗೆ ಇನ್ನೊಂದು ಸಂಗತಿಯನ್ನು ಜನ ಮರೆಯುತ್ತಾರೆ: ನಿಮಿಷಗಳು. ಶನಿವಾರ ತೊಂಬತ್ತು ನಿಮಿಷ ಓಡಿದವನನ್ನು ಕೋಚ್ ಬುಧವಾರ ಮತ್ತೆ ಓಡಿಸುತ್ತಾನೆಂಬ ಭರವಸೆಯಿಲ್ಲ. ಮೊದಲ ಪಂದ್ಯದಲ್ಲಿ ಇಳಿಯುವ ಸಾಧ್ಯತೆ ಶೇ 85, ಎರಡನೆಯದರಲ್ಲಿ ಶೇ 60 ಎಂದು ಹಿಡಿದರೆ ಅವನ ‘ಎರಡು’ ಪಂದ್ಯದ ನಿಜ ಬೆಲೆ 1.45. ತಪ್ಪದೇ ಆಡುವ, ಸುಲಭದ ಎದುರಾಳಿ ಸಿಕ್ಕ ಒಂಟಿ ಪಂದ್ಯದವನು ಇವನಿಗೆ ಬಹಳ ಸಲ ಸರಿಸಾಟಿ. ಎಂಟೆಕ್‌ನಲ್ಲಿ ಕಲಿತ ಇಂಟೀಜರ್ ಪ್ರೋಗ್ರಾಮಿಂಗ್ ಇಲ್ಲಿ ಚೆನ್ನಾಗಿ ಒಗ್ಗುತ್ತದೆ. ಬಜೆಟ್, ಕ್ಲಬ್ಬಿಗೆ ಮೂವರ ಮಿತಿ, ವಾರವಾರದ ಬದಲಾವಣೆ ಎಲ್ಲವನ್ನೂ ಸಮೀಕರಣವಾಗಿ ಬರೆದು ಬಿಟ್ಟರೆ ಲ್ಯಾಪ್‌ಟಾಪ್ ಕೆಲವೇ ನಿಮಿಷದಲ್ಲಿ ಎಂಟು ವಾರದ ಯೋಜನೆ ಕೊಡುತ್ತದೆ. ಆದರೆ ಯಾರು ಎಷ್ಟು ನಿಮಿಷ ಆಡುತ್ತಾರೆ ಎಂಬ ಅಂದಾಜನ್ನು ಅದರ ಬಾಯಿಗೆ ಹಾಕುವವರು ನಾವೇ. ತಿರುವನಂತಪುರದ ಆಫೀಸಿನಲ್ಲಿ ಟೆಸ್ಟಿಂಗ್ ವಿಭಾಗದ ಚೇಚಿಯೊಬ್ಬರಿದ್ದಾರೆ, ಹುಟ್ಟಾ ಆರ್ಸೆನಲ್. ಅವರು ಕಂಪ್ಯೂಟರಿಗೆ ಏನನ್ನೂ ಕೇಳುವುದಿಲ್ಲ, ಕೋಚ್‌ಗಳ ಸುದ್ದಿಗೋಷ್ಠಿ ಮಾತ್ರ ಬಿಡದೆ ಕೇಳುತ್ತಾರೆ. ಕಳೆದ ವರ್ಷ ನಮ್ಮ ಲೀಗ್ ಗೆದ್ದವರು ಅವರೇ.

ಚಿಪ್‌ಗಳನ್ನು ಬಿಡಿಬಿಡಿಯಾಗಿ ತೂಗುವುದೂ ಸರಿಯಲ್ಲ. ಬೆಂಚಿನಲ್ಲಿ ನಾವು ಇಡುವುದು ಅಗ್ಗದ ಮಾಲು, ಮಾಮೂಲಿ ವಾರದಲ್ಲಿ ಆ ನಾಲ್ವರಿಂದ ಎಂಟು ಅಂಕ ಬಂದರೆ ದೊಡ್ಡದು. ಬೆಂಚ್ ಬೂಸ್ಟ್ ಫಲ ಕೊಡಬೇಕಾದರೆ ಅದರ ಹಿಂದಿನ ವಾರವೇ ವೈಲ್ಡ್‌ಕಾರ್ಡ್ ಬಳಸಿ ಹದಿನೈದೂ ಜನರನ್ನು ಆ ಜೋಡಿ ವಾರಕ್ಕೆ ಹೊಂದಿಸಬೇಕು. ಹಾಗೆ ಹೊಂದಿಸಿದ ತಂಡ ಮುಂದಿನ ಖಾಲಿ ವಾರದಲ್ಲಿ ಅರ್ಧಕ್ಕರ್ಧ ಮಾಯವಾಗುತ್ತದೆ, ಆಗ ಫ್ರೀ ಹಿಟ್ ಬೇಕು. ಮೂರು ಚಿಪ್ ಒಂದೇ ದಾರದಲ್ಲಿ ಪೋಣಿಸಿದ ಹಾಗೆ. ಹಳೆಯ ಆಟಗಾರರೆಲ್ಲ ಪಾಲಿಸುತ್ತಿದ್ದ ಕ್ರಮ ಇದು. 2024-25ರಿಂದ ಇದರಲ್ಲಿ ಒಂದು ಸಡಿಲಿಕೆ ಬಂದಿದೆ. ಪುಕ್ಕಟೆ ಬದಲಾವಣೆಗಳನ್ನು ಐದರವರೆಗೆ ಕೂಡಿಟ್ಟುಕೊಳ್ಳಬಹುದು. ಸಣ್ಣ ಖಾಲಿ ವಾರವನ್ನು ಕೂಡಿಟ್ಟ ಬದಲಾವಣೆಗಳಿಂದಲೇ ದಾಟಬಹುದಾದ್ದರಿಂದ, ಫ್ರೀ ಹಿಟ್ ಅನ್ನು ಜೋಡಿ ವಾರಕ್ಕೇ ಉಳಿಸಿಕೊಳ್ಳುವ ದಾರಿ ತೆರೆದಿದೆ. ನನ್ನ ಮಟ್ಟಿಗೆ ಆ ವರ್ಷದ ದೊಡ್ಡ ಬದಲಾವಣೆ ಇದೇ, ಜನ ಮಾತಾಡಿದ್ದು ಮಾತ್ರ ಹೊಸ ಅಸಿಸ್ಟೆಂಟ್ ಮ್ಯಾನೇಜರ್ ಚಿಪ್ ಬಗ್ಗೆ. ಅದು ಒಂದೇ ವರ್ಷಕ್ಕೆ ಕಣ್ಮರೆಯಾಯಿತು.

ಈ ಋತುವಿನಲ್ಲಿ ಆಟವೇ ತಿರುಗಿಬಿದ್ದಿದೆ. ನಾಲ್ಕೂ ಚಿಪ್ ಎರಡೆರಡು ಕಂತು. ಮೊದಲ ಕಂತನ್ನು ಡಿಸೆಂಬರ್ ಕೊನೆಗೆ ಬರುವ 19ನೇ ವಾರದ ಡೆಡ್‌ಲೈನ್ ಒಳಗೆ ಬಳಸದಿದ್ದರೆ ಹೋದಂತೆ, ಮುಂದಕ್ಕೆ ಒಯ್ಯಲಾಗದು. ಆದರೆ ಕಪ್‌ಗಳ ಘರ್ಷಣೆ ಶುರುವಾಗುವುದೇ ಹೊಸ ವರ್ಷದ ನಂತರ, ಅದಕ್ಕೆ ಮುಂಚೆ ಜೋಡಿ ವಾರ ಅಪರೂಪ. ‘ಡಬಲ್ ಬರಲಿ, ಆಮೇಲೆ ನೋಡೋಣ’ ಎಂಬ ಹಳೆಯ ಜಾಣತನ ಮೊದಲರ್ಧದಲ್ಲಿ ನಡೆಯದು. ಅಲ್ಲಿ ನೋಡಬೇಕಾದ್ದು ಎದುರಾಳಿಯನ್ನು. ಅದರಲ್ಲೂ, ಬಡ್ತಿ ಪಡೆದು ಬಂದ ತಂಡವೆಂದರೆ ಸುಲಭದ ತುತ್ತು ಎಂಬ ಲೆಕ್ಕವನ್ನು ಸಂಡರ್‌ಲ್ಯಾಂಡ್ ಸುಳ್ಳಾಗಿಸಿದೆ. ಮೊದಲ ಪಂದ್ಯದಲ್ಲೇ ವೆಸ್ಟ್ ಹ್ಯಾಮ್‌ಗೆ ಮೂರು ಗೋಲು ಹೊಡೆದು, ಅಕ್ಟೋಬರ್‌ನಲ್ಲಿ ಚೆಲ್ಸಿಯನ್ನು ಅದರ ಅಂಗಳದಲ್ಲೇ ಮಣಿಸಿತು. ಆಫ್ರಿಕಾ ಕಪ್‌ಗೆ ಸಲಾನಂಥವರು ಹೊರಟಾಗ 16ನೇ ವಾರಕ್ಕೆ ಎಲ್ಲರಿಗೂ ಐದು ಪುಕ್ಕಟೆ ಬದಲಾವಣೆ ಸಿಕ್ಕವು. ಆಗಲೇ ಮೊದಲ ವೈಲ್ಡ್‌ಕಾರ್ಡ್ ಬಳಸಿ ಮುಗಿಸಿದ್ದವರಿಗೆ ಅದೊಂದು ಅರ್ಧ ವೈಲ್ಡ್‌ಕಾರ್ಡ್.

ದೂರದಲ್ಲಿರುವವರಿಗೆ ಒಂದು ಎಚ್ಚರಿಕೆ, ಗಡಿಯಾರದ ಬಗ್ಗೆ. ಡೆಡ್‌ಲೈನ್ ವಾರದ ಮೊದಲ ಪಂದ್ಯಕ್ಕೆ 90 ನಿಮಿಷ ಮುಂಚೆ. ಶನಿವಾರ ಅಲ್ಲಿನ ಮಧ್ಯಾಹ್ನ ಹನ್ನೆರಡೂವರೆಯ ಪಂದ್ಯವಾದರೆ ಚಳಿಗಾಲದಲ್ಲಿ ನಮಗೆ ಸಂಜೆ 4.30, ಮಾರ್ಚ್ ಕೊನೆಗೆ ಬ್ರಿಟನ್ ಗಡಿಯಾರ ತಿರುಗಿಸಿದ ಮೇಲೆ 3.30. ಆ ಒಂದು ಗಂಟೆ ಬದಲಾಗುವುದು ಸರಿಯಾಗಿ ಚಿಪ್‌ಗಳ ಸುಗ್ಗಿಯ ಹೊತ್ತಿಗೆ. ನಾನು ಎರ್ನಾಕುಲಂ–ತಿರುವನಂತಪುರ ವಂದೇ ಭಾರತ್ ಹತ್ತುವ ಮುಂಚೆಯೇ ತಂಡ ಮುಗಿಸಿಬಿಡುತ್ತೇನೆ. ಮೂರು ಗಂಟೆ ಚಿಲ್ಲರೆಯ ಆ ದಾರಿಯಲ್ಲಿ ನೆಟ್‌ವರ್ಕ್ ನಂಬಿ ಕೂರುವಂತಿಲ್ಲ.

ಎರಡನೇ ಕಂತಿಗೆ ಎರಡು ದಿನಾಂಕ ಗುರುತು ಹಾಕಿಟ್ಟಿದ್ದೇನೆ. 2026ರ ಮಾರ್ಚ್ 22ರ ಲೀಗ್ ಕಪ್ ಫೈನಲ್ 31ನೇ ವಾರಕ್ಕೆ ಬೀಳುತ್ತದೆ. ಏಪ್ರಿಲ್ 25ರ ವಾರಾಂತ್ಯದ ಎಫ್‌ಎ ಕಪ್ ಸೆಮಿಫೈನಲ್ 34ಕ್ಕೆ. ಲೀಗ್ ಕಪ್ ಸೆಮಿಫೈನಲ್‌ಗಳು ಮುಗಿದು ಫೈನಲ್‌ಗೆ ಯಾರು ಎಂದು ತಿಳಿಯುವವರೆಗೆ ವೈಲ್ಡ್‌ಕಾರ್ಡ್ ಮುಟ್ಟಬಾರದೆಂಬುದು ನನ್ನ ಯೋಜನೆ. 34ರ ಖಾಲಿ ಜಾಗಗಳಿಗೆ ಕೂಡಿಟ್ಟ ಬದಲಾವಣೆ, ಅವು ಹೋಗಿ ಕೂರುವ ಜೋಡಿ ವಾರಕ್ಕೆ ಬೆಂಚ್ ಬೂಸ್ಟ್. ಕಾಸರಗೋಡಿನವನು ಇದನ್ನು ಕೇಳಿ, ‘ಅಷ್ಟರವರೆಗೆ ಕಾದರೆ ನಿನ್ನ ತಂಡ ಹಳಸಿ ಹೋಗ್ತದೆ ಮಾರಾಯಾ’ ಎಂದಿದ್ದಾನೆ. ಅವನು 20ನೇ ವಾರಕ್ಕೇ ಎರಡನೇ ವೈಲ್ಡ್‌ಕಾರ್ಡ್ ಹಾಕುವವನಂತೆ. ಚೇಚಿ ಮಾತ್ರ ಇನ್ನೂ ಬಾಯಿ ಬಿಟ್ಟಿಲ್ಲ.